ನಾಲ್ಕನೆಯ ಬ್ಯಾಟರಿ

ಶ್ರಾವಣದ ಒಂದು ಗುರುವಾರ ರಾಜೇಶ್ವರಿಯ ಮೋಟಾರ್ ಸೈಕಲ್ಲು ಶಿರಕೋಳದ ದಾರಿಯಲ್ಲಿ ಮತ್ತೆ ಕೈಕೊಟ್ಟಿತು. ದಾರಿ ಮೇಲಿನ ಹೊಲಮನೆಯೊಂದರಲ್ಲಿ ಆಕಳಿನ ಕೆಲಸ ಮುಗಿಸಿ, ಕೈ ತೊಳೆದುಕೊಂಡು ಬಂದು ಸೆಲ್ಫ್ ಗುಂಡಿ ಒತ್ತಿದಳು. ‘ಟಿಕ್’ ಎಂದಿತು. ಇನ್ನೊಮ್ಮೆ ಒತ್ತಿದಾಗ ಅದೂ ಇಲ್ಲ.

ಕಿಕ್ ಹೊಡೆಯುವ ಮಾತೇ ಇರಲಿಲ್ಲ. ಎರಡು ವರ್ಷದ ಹಿಂದೆ ಹೋರಿಯೊಂದು ಗೋಡೆಗೆ ಒತ್ತಿ ಅವಳ ಬಲಮೊಣಕಾಲು ಮುರಿದಿತ್ತು. ಒಳಗೆ ಪಟ್ಟಿ ಕೂರಿಸಿದ ಡಾಕ್ಟರು, ನಡೆಯಬಹುದು, ಗಾಡಿ ಓಡಿಸಬಹುದು, ಕಿಕ್ ಮಾತ್ರ ಈ ಜನ್ಮದಲ್ಲಿ ಬೇಡ ಎಂದಿದ್ದರು. ಹೊಲಮನೆಯ ಮುದುಕ ಪಾಪ, ಧೋತರ ಎತ್ತಿ ಕಟ್ಟಿ ಇಪ್ಪತ್ತು ಸಲ ಒದ್ದು ನೋಡಿದ. ಈ ಹೊಸ ಮಾದರಿಯ ಗಾಡಿಗಳು ಬ್ಯಾಟರಿ ಪೂರ್ತಿ ಸತ್ತರೆ ಕಿಕ್ಕಿಗೂ ಏಳುವುದಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಒಂದು ಟ್ರ್ಯಾಕ್ಟರ್ ಸಿಕ್ಕಿತು, ಅದು ಹೊರಟಿದ್ದು ಮೊರಬಕ್ಕೆ. ಗಾಡಿಯನ್ನು ಟ್ರಾಲಿಯಲ್ಲಿ ಮಲಗಿಸಿಕೊಂಡು ರಾಜೇಶ್ವರಿ ಬಂದ ದಾರಿಗೇ ಮರಳಿದಳು.

ಅವಳದು ದನ ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವ ಕೆಲಸ. ಮೊರಬದ ಹಾಲಿನ ಡೇರಿಯ ಪರವಾಗಿ ಐದು ಊರು ತಿರುಗುತ್ತಿದ್ದಳು. ಹಿಂದಿನ ಸೀಟಿಗೆ ಬಿಗಿದ ಡಬ್ಬಿಯಲ್ಲಿ ಹೊಗೆಯಾಡುವ ನೈಟ್ರೋಜನ್, ಅದರೊಳಗೆ ಮುಳುಗಿದ ವೀರ್ಯದ ಕಡ್ಡಿಗಳು. ಈ ಸೀಮೆಯ ಹಳೆಯ ಮನೆಗಳಲ್ಲಿ ದನ ಕಟ್ಟುವುದು ತಲೆಬಾಗಿಲ ಒಳಗೇ. ಕೇರಿಯ ಹೆಣ್ಣುಮಗಳು ಹೊಸ್ತಿಲು ದಾಟುವುದು ಹೇಗೆಂದು ಮೊದಮೊದಲು ಕೆಲವರು ಎಮ್ಮೆಯನ್ನೇ ಬೀದಿಗೆ ತಂದು ನಿಲ್ಲಿಸುತ್ತಿದ್ದರು. ಕರುಗಳು ಹುಟ್ಟತೊಡಗಿದ ಮೇಲೆ ಆ ಮಾತು ತಾನೇ ತಣ್ಣಗಾಯಿತು. ಹನ್ನೊಂದು ವರ್ಷ ಹಿಡಿದು ಸಂಪಾದಿಸಿದ ಹೆಸರು ಅದು.

ಆ ದಿನ ಶಿರಕೋಳದಲ್ಲಿ ಅವಳ ದಾರಿ ಕಾಯುತ್ತಿದ್ದವಳು ಹನಮವ್ವ. ಅರವತ್ತರ ಹೆಂಗಸು, ಮನೆ ನಡೆಯುವುದು ಒಂದೇ ಎಮ್ಮೆಯ ಹಾಲಿನಿಂದ. ಮಾರನೆಯ ಮುಂಜಾನೆ ರಾಜೇಶ್ವರಿ ಬಸ್ಸು ಹಿಡಿದು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗಿ ಇಳಿದಾಗ ಎಮ್ಮೆ ಶಾಂತವಾಗಿ ಕಣಿಕೆ ತಿನ್ನುತ್ತಿತ್ತು.

“ನಿನ್ನಿ ದಿನಾ ಪೂರ್ತಿ ಒದರಿತು,” ಎಂದಳು ಹನಮವ್ವ. “ಈಗ ನೋಡವಾ, ಮೇವಿಗೆ ಬಾಯಿ ಹಾಕೇತಿ. ಎಮ್ಮಿ ನಿನ್ನ ಗಾಡಿ ರಿಪೇರಿ ಆಗೂ ತನಕಾ ತಡಕೊಂತೈತೇನ?”

“ತಪ್ಪು ನಂದ ಐತಿ ಬೇ. ಇಪ್ಪತ್ತೊಂದ ದಿನಕ್ಕ ಮತ್ತ ಬೆದಿಗಿ ಬರತೈತಿ. ಆವತ್ತ ತಪ್ಪಸೂದಿಲ್ಲ.”

“ಆವತ್ತ ನಾ ನಿನ್ನ ಕರದ್ರ ತಾನ?”

ಡೇರಿಯ ಸೆಕ್ರೆಟರಿ ಬಸವಣ್ಣೆಪ್ಪನಿಗೆ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ಆತ ಕೆಟ್ಟವನಲ್ಲ. ಕುರ್ಚಿ ಕೊಟ್ಟು, ಚಹಾ ತರಿಸಿ, ಮೆಲ್ಲಗೆ ಹೇಳಿದ.

“ನಿಮ್ಮ ಕೈಗುಣಕ್ಕ ಯಾರೂ ಹೆಸರ ಇಡೂದಿಲ್ರಿ. ಆದ್ರ ಇದು ಮೂರನೇ ಸಲ. ಬೆದಿ ಅಂದ್ರ ಬಸ್ಸಲ್ಲ, ಒಂದ ತಪ್ಪಿದ್ರ ಹಿಂದ ಇನ್ನೊಂದ ಬರಾಕ. ಕುಂದಗೋಳ ಕಡಿಯಾಂವ ಒಬ್ಬ ನಾ ಮಾಡ್ತೀನಿ ಅಂದಾನ. ಒಂದ ತಿಂಗಳ ನೋಡೂಣು. ಆಗಲಿಲ್ಲಂದ್ರ ಹೊರಗಿನ ಊರು ಅಂವಗ ಬಿಟ್ಟು, ನೀವು ಮೊರಬದಾಗ ಅಡ್ಯಾಡಿಕೋತ ಮಾಡೂವಷ್ಟ ಮಾಡ್ರಿ. ಕಾಲಿಗೂ ಆರಾಮ.”

ಆ ಕಡೆಯ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ರಾಜೇಶ್ವರಿ ಚಹಾ ಮುಗಿಸಿ, ಲೋಟ ಕೆಳಗಿಟ್ಟು ಎದ್ದಳು. “ತಿಂಗಳ ಬ್ಯಾಡ್ರಿ. ಎಂಟ ದಿನದಾಗ ಗಾಡಿ ಸರಿ ಮಾಡತೀನಿ,” ಎಂದಳು.

ಆವತ್ತೇ ಗೂಡ್ಸ್ ಆಟೋದಲ್ಲಿ ಗಾಡಿ ಹಾಕಿಕೊಂಡು ನವಲಗುಂದಕ್ಕೆ ಹೋದಳು. ಅಲ್ಲಿ ಸಿರಾಜುದ್ದೀನನ ಬ್ಯಾಟರಿ ಅಂಗಡಿ. ಹದಿನಾಲ್ಕು ತಿಂಗಳಲ್ಲಿ ಸತ್ತ ಮೂರೂ ಬ್ಯಾಟರಿಗಳನ್ನು ಕೊಟ್ಟವನು ಅವನೇ. ಸೀಟು ಬಿಚ್ಚಿ ಹೊರಗೆ ತೆಗೆದ ಬ್ಯಾಟರಿಯ ಮಗ್ಗಲುಗಳು ದಿನ ತುಂಬಿದ ಎಮ್ಮೆಯ ಹೊಟ್ಟೆಯಂತೆ ಉಬ್ಬಿದ್ದವು.

“ಈ ಮಾಲೇ ಖರಾಬ್ ಇತ್ತು ಕಾಣಸತೈತಿ, ಅಕ್ಕಾರ,” ಎಂದ ಸಿರಾಜುದ್ದೀನ. “ಬ್ಯಾರೆ ಆಸಿಡ್ ಬ್ಯಾಟ್ರಿ ಹಾಕೂಣು. ಇಲ್ಲಾಂದ್ರ ಇದನ್ನ ನೋಡ್ರಿ, ಲಿಥಿಯಂ. ಎತ್ತಿ ನೋಡ್ರಿ ಒಮ್ಮೆ.”

ಎತ್ತಿ ನೋಡಿದಳು. ಹಳೆಯದು ಗುಂಡುಕಲ್ಲಿನ ಭಾರ, ಇದು ಒಂದು ಕೈಯಲ್ಲಿ ಆಡಿಸುವಷ್ಟು ಹಗುರ. ಸೆಲ್ಫಿಗೆ ಅಗದಿ ಜೋರು ಎಂದೂ ಆತ ಹೇಳಿದ. ಆಸೆಯಾಯಿತು. ಆದರೂ ಅದನ್ನು ಮೇಜಿನ ಮೇಲೆ ಇಟ್ಟು, ಸತ್ತ ಬ್ಯಾಟರಿಯನ್ನೇ ಮತ್ತೆ ನೋಡಿದಳು.

“ಮೊದಲಿನ ಎರಡೂ ಹಿಂಗ ಉಬ್ಬೇ ಸತ್ತಿದ್ದವೇನ್ರಿ?”

ಸಿರಾಜುದ್ದೀನ ನೆನಪು ಮಾಡಿಕೊಂಡ. “ಹೌದ್ರಿ. ಹಿಂಗ.”

“ಒಂದ ಕೊಟ್ಟಿಗ್ಯಾಗ ಮೂರ ಕರಾ ಒಂದ ನಮೂನಿ ಸತ್ರ ನಾವು ಕರಾ ಬದ್ಲಿ ಮಾಡೂದಿಲ್ರಿ ಭಾಯಿ. ಕೊಟ್ಟಿಗಿ ನೋಡತೀವಿ.”

ಆತ ನಕ್ಕ, ಆದರೆ ಮೀಟರು ತಂದ. ಅಂಗಡಿಯ ಚಾಲೂ ಬ್ಯಾಟರಿಯೊಂದನ್ನು ಜೋಡಿಸಿ ಗಾಡಿ ಎಬ್ಬಿಸಿ ಎರಡು ವೈರು ಹಚ್ಚಿದ. ಹದಿಮೂರು ಪಾಯಿಂಟ್ ಒಂಬತ್ತು ವೋಲ್ಟು. “ಬರೋಬರಿ ಐತಿ ನೋಡ್ರಿ,” ಎಂದ.

“ನಾ ನಿಂತ ಗಾಡಿ ಹೊಡಿಯೂದಿಲ್ರಿ. ಶಿರಕೋಳದ ರಸ್ತೆದಾಗ ಹೆಂಗ ಹೋಗತೀನಿ ಹಂಗ ಏರಸ್ರಿ.”

ಆತ ಎಕ್ಸಿಲರೇಟರ್ ತಿರುವಿದ. ಹದಿನಾಲ್ಕು ದಾಟಿತು. ಇನ್ನಷ್ಟು ತಿರುವಿದ. ಹದಿನೈದೂ ದಾಟಿತು. ಇಂಜಿನ್ನಿನ ದನಿ ಏರಿದಂತೆ ಅಂಕಿಯೂ ಏರಿ ಹದಿನಾರೂ ಕಾಲರ ಮೇಲೆ ನಿಂತಿತು. ಸಿರಾಜುದ್ದೀನ ಕೈಬಿಟ್ಟ. ಉಬ್ಬಿದ ಬ್ಯಾಟರಿಯನ್ನು ಕೈಗೆತ್ತಿಕೊಂಡ.

“ಇದನ್ನ ನಾನ ಮೊದಲ ಬ್ಯಾಟ್ರಿಗೇ ನೋಡಬೇಕಾಗಿತ್ತು, ಅಕ್ಕಾರ,” ಎಂದ.

ಬ್ಯಾಟರಿಗೆ ಹೋಗುವ ಕರೆಂಟನ್ನು ಹದ್ದಿನಲ್ಲಿ ಇಡಲು ಮುಷ್ಟಿಗಾತ್ರದ ಒಂದು ರೆಕ್ಟಿಫೈಯರ್ ಇರುತ್ತದೆ. ಅದು ಕೆಟ್ಟಿತ್ತು. ಗಾಡಿ ಜೋರಾಗಿ ಓಡಿದಾಗಲೆಲ್ಲ ಒಳಗಿನ ಆಸಿಡ್ ಕುದಿದು ಬ್ಯಾಟರಿ ಸಾಯುತ್ತಿತ್ತು. ಲಿಥಿಯಂ ಹಾಕಿದ್ದರೆ ಇನ್ನೂ ಬೇಗ ಹಾಳಾಗುತ್ತಿತ್ತು, ಅದಕ್ಕೆ ಇಷ್ಟು ಏರಿಕೆ ಸ್ವಲ್ಪವೂ ತಡೆಯದು ಎಂದ ಸಿರಾಜುದ್ದೀನ. ಹೊಸ ರೆಕ್ಟಿಫೈಯರ್ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರಬೇಕಿತ್ತು. ನಾಳೆ ಬರ್ರಿ ಎಂದರೂ ಕೇಳದೆ ರಾಜೇಶ್ವರಿ ಅಂಗಡಿಯ ಬೆಂಚಿನ ಮೇಲೆ ಕುಳಿತೇಬಿಟ್ಟಳು. ಸಂಜೆ ಅದನ್ನು ಕೂರಿಸಿ ಮತ್ತೆ ಅಳೆದಾಗ, ಎಷ್ಟು ತಿರುವಿದರೂ ಅಂಕಿ ಹದಿನಾಲ್ಕೂ ಕಾಲು ದಾಟಲಿಲ್ಲ.

ಇನ್ನು ಉಳಿದದ್ದು ಯಾವ ಬ್ಯಾಟರಿ ಎಂಬ ಮಾತು.

“ಹೊಗಳೂದು ಬ್ಯಾಡ,” ಎಂದಳು. “ಎರಡೂ ಹೆಂಗ ಸಾಯತಾವ ಅದನ್ನಷ್ಟ ಹೇಳ್ರಿ.”

ಸಿರಾಜುದ್ದೀನ ಸ್ಟೂಲು ಎಳೆದುಕೊಂಡು ಕುಳಿತು ಹೇಳಿದ. ಆಸಿಡ್ ಬ್ಯಾಟರಿ ಸಾಯುವ ಮೊದಲು ನರಳುತ್ತದೆ. ನಾಲ್ಕು ದಿನ ಮುಂಚೆಯೇ ಸೆಲ್ಫ್ ಎಳೆದಾಡುತ್ತದೆ, ಹುಷಾರಾಗಲು ಸಮಯ ಸಿಗುತ್ತದೆ. ಯಾವ ಊರಿನಲ್ಲಾದರೂ ಸಿಗುತ್ತದೆ, ಅಗ್ಗ. ಆದರೆ ಚಾರ್ಜು ತುಂಬಿಕೊಳ್ಳುವುದು ನಿಧಾನ. ಲಿಥಿಯಂ ಬೇಗ ತುಂಬಿಕೊಳ್ಳುತ್ತದೆ, ಕಡೆಯ ತನಕ ಜೋರಾಗಿಯೇ ಇರುತ್ತದೆ. ಪೂರ್ತಿ ಇಳಿಯಿತೋ, ಒಳಗಿನ ಕಾವಲು ಸರ್ಕ್ಯೂಟು ಪಟ್ಟನೆ ಬಾಗಿಲು ಹಾಕಿಬಿಡುತ್ತದೆ, ಮುನ್ಸೂಚನೆ ಇಲ್ಲ. ಬೆಲೆ ಸುಮಾರು ಮೂರು ಪಟ್ಟು.

“ನೀವು ದಿನಕ್ಕ ಎಷ್ಟ ಸಲ ಸೆಲ್ಫ್ ಹೊಡೀತೀರಿ?” ಎಂದು ಕೇಳಿದ.

ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅಂದಾಜಿನಲ್ಲಿ ಹೇಳುವವಳೂ ಅಲ್ಲ. ಅಂಗಡಿಯ ಹಳೆಯ ಆಸಿಡ್ ಬ್ಯಾಟರಿಯನ್ನೇ ಎರಡು ದಿನಕ್ಕೆ ಕೈಗಡ ಹಾಕಿಸಿಕೊಂಡು ಊರಿಗೆ ಮರಳಿದಳು. ಕರುಗಳ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ, ಪ್ರತಿ ಸಲ ಗುಂಡಿ ಒತ್ತಿದಾಗಲೂ ಒಂದು ಗೀಟು ಎಳೆದಳು. ಮೊದಲ ದಿನ ಹತ್ತೊಂಬತ್ತು, ಎರಡನೆಯ ದಿನ ಇಪ್ಪತ್ಮೂರು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೆಚ್ಚೆಂದರೆ ಎರಡು ಕಿಲೋಮೀಟರು. ಎರಡನೆಯ ದಿನ ಸಂಜೆಗಾಗಲೇ ಸೆಲ್ಫ್ ಎಳೆದಾಡತೊಡಗಿತ್ತು.

ಮೂರನೆಯ ದಿನ ಅಂಗಡಿಗೆ ಹೋಗಿ ಆ ಹಾಳೆಯನ್ನು ಸಿರಾಜುದ್ದೀನನ ಮುಂದಿಟ್ಟಳು.

“ಆಸಿಡ್ ಬ್ಯಾಟ್ರಿಗೆ ನನ್ನ ಕೂಡ ಉಂಡು ಏಳಾಕ ವ್ಯಾಳ್ಯಾ ಸಾಲೂದಿಲ್ಲ. ಲಿಥಿಯಂ ಹಾಕ್ರಿ.”

“ಹಾಕ್ತೀನ್ರಿ. ಆದ್ರ ಹೊಲದಾಗ ಒಮ್ಮಿಂದೊಮ್ಮಿ ಬಂದ್ ಆದ್ರ ನನ್ನ ಬೈಬ್ಯಾಡ್ರಿ. ಅದು ಮೊದ್ಲ ಹೇಳೂದಿಲ್ಲ.”

“ಅದು ಹೇಳೂದಿಲ್ಲಂದ್ರ ನಾವ ಕೇಳೂಣು. ನೀವು ಅಳದ ಮೀಟರ್ ಐತೆಲ್ಲ, ಅಂಥಾದ್ದೊಂದು ಸಣ್ಣದು ಹ್ಯಾಂಡಲಿಗೆ ಕೂಡಸ್ರಿ. ಕಣ್ಣೆದುರಿಗೇ ಇರಲಿ.”

ಸಿರಾಜುದ್ದೀನ ಸ್ಕ್ರೂಡ್ರೈವರ್ ಹುಡುಕತೊಡಗಿದ. ಮೀಟರಿಗೆ ದುಡ್ಡು ತೆಗೆದುಕೊಳ್ಳಲು ಏನು ಮಾಡಿದರೂ ಒಪ್ಪಲಿಲ್ಲ.

ಭಾದ್ರಪದದಲ್ಲಿ ಮಳೆ ಹಿಡಿಯಿತು. ಇಪ್ಪತ್ತೊಂದನೆಯ ದಿನ ಬೆಳಗಿನ ಆರಕ್ಕೆ ರಾಜೇಶ್ವರಿ ತಾನೇ ಹನಮವ್ವನಿಗೆ ಫೋನು ಮಾಡಿದಳು.

“ಹೌದವಾ, ಒದರಾಕತ್ತೈತಿ,” ಎಂದಳು ಹನಮವ್ವ ಬಿಗುವಾಗಿ. “ಕುಂದಗೋಳದಾಂವಗ ಹೇಳೇನಿ. ಮಳಿ ನಿಂತ್ರ ಬರತೀನಿ ಅಂದಾನ.”

“ಮಳಿ ನಿಂದ್ರೂದಿಲ್ಲ ಬೇ. ನಾ ಬರಾಕತ್ತೀನಿ.”

ಡಾಂಬರು ರಸ್ತೆಯ ಮೇಲೆ ಹಳ್ಳ ಹರಿಯುತ್ತಿತ್ತು. ಉಳಿದದ್ದು ಹೊಲಗಳ ನಡುವಿನ ಚಕ್ಕಡಿ ದಾರಿ, ಅಪ್ಪಟ ಎರೆಮಣ್ಣು. ನೂರು ಮಾರು ಹೋಗುವಷ್ಟರಲ್ಲಿ ಮಣ್ಣು ಗಾಲಿಗೂ ಮಡ್ಗಾರ್ಡಿಗೂ ನಡುವೆ ಕಚ್ಚಿಕೊಂಡು ಗಾಡಿ ನಿಂತಿತು. ಇಳಿದು, ಕಟ್ಟಿಗೆಯಿಂದ ಕೆರೆದು ತೆಗೆದು ಗುಂಡಿ ಒತ್ತಿದಳು. ಎದ್ದಿತು. ಮತ್ತೆ ನೂರು ಮಾರು, ಮತ್ತೆ ನಿಂತಿತು. ಹೀಗೆ ಏಳು ಸಲ. ಬೆಳಿಗ್ಗೆ ಹದಿಮೂರರ ಮೇಲಿದ್ದ ಮೀಟರಿನ ಅಂಕಿ ಈಗ ಹನ್ನೆರಡು ಪಾಯಿಂಟ್ ಒಂಬತ್ತಕ್ಕೆ ಇಳಿದಿತ್ತು, ಲಿಥಿಯಂಗೆ ಅದು ಅರ್ಧಕ್ಕಿಂತ ಹೆಚ್ಚು ಖಾಲಿಯಾದ ಗುರುತು.

ಅದನ್ನು ನೋಡಿ ಅವಳು ನಡೆ ಬದಲಿಸಿದಳು. ಗಾಲಿ ಕಚ್ಚುವ ಮೊದಲೇ ತಾನಾಗಿ ನಿಲ್ಲುವುದು, ಇಂಜಿನ್ ಆರಿಸದೆ ನ್ಯೂಟ್ರಲ್ಲಿನಲ್ಲಿ ಬಿಟ್ಟು ಮಣ್ಣು ಕೆರೆಯುವುದು, ಅಂಕಿ ಮೇಲಕ್ಕೆ ಬಂದ ಮೇಲಷ್ಟೇ ಮುಂದೆ ಹೋಗುವುದು. ನಿಧಾನವಾಯಿತು, ಆದರೆ ಸಾಗಿತು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಹತ್ತಿಯ ಗಿಡಗಳ ಮೇಲೆ ಮಳೆ ಬೀಳುವ ಸದ್ದು, ಇಂಜಿನ್ನಿನ ಸದ್ದು, ಅಷ್ಟೇ.

ಊರು ಕಣ್ಣಿಗೆ ಬೀಳುವ ಹೊತ್ತಿಗೆ ಗಾಡಿ ಜಾರಿ ಮಗ್ಗುಲಿಗೆ ಬಿತ್ತು. ಇಂಜಿನ್ ಆರಿತು. ರಾಜೇಶ್ವರಿ ಮೊದಲು ನೋಡಿದ್ದು ಡಬ್ಬಿಯನ್ನು. ಬಿಗಿದ ಪಟ್ಟಿ ಸಡಿಲಾಗಿರಲಿಲ್ಲ. ಬಾಯಿಂದ ಬಿಳಿ ಹೊಗೆ ಹರಿದು ಮಣ್ಣಿನ ಮೇಲೆ ತೆವಳುತ್ತಿತ್ತು, ಒಳಗೆ ಇನ್ನೂ ಸಾಕಷ್ಟಿತ್ತು. ಸೀಟಿಗೆ ಬೆನ್ನು ಕೊಟ್ಟು ಕುಳಿತು, ಎಡಗಾಲಿನ ಮೇಲೆ ಭಾರ ಹಾಕಿ ಹಿಂದಕ್ಕೆ ಒತ್ತಿದಳು. ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಬಲಮೊಣಕಾಲು ಬೆಂಕಿ ತಾಗಿದಂತೆ ಉರಿಯಿತು. ‘ಏಳ್ಲೇ’ ಎಂದು ಹಲ್ಲು ಕಚ್ಚಿ ಮೂರನೆಯ ಸಲ ಒತ್ತಿದಾಗ ಗಾಡಿ ಎದ್ದು ನಿಂತಿತು. ಮುಖದ ನೀರು ಒರೆಸಿಕೊಂಡು ಗುಂಡಿ ಒತ್ತಿದಳು. ಎಳೆದಾಟವಿಲ್ಲದೆ, ಒಂದೇ ಒತ್ತಿಗೆ ಇಂಜಿನ್ ಹತ್ತಿಕೊಂಡಿತು.

ಹನಮವ್ವ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ರಾಜೇಶ್ವರಿ ಕೈಗವಸು ತೊಟ್ಟಳು, ಕಡ್ಡಿಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿದಳು, ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದು ಕಟ್ಟೆಯ ಮೇಲೆ ಕೂತಾಗ ಹನಮವ್ವ ಒಲೆಯ ಮೇಲಿನ ಬಿಸಿನೀರಿನ ಕೊಡ ಎತ್ತಿಕೊಂಡು ಬಂದಳು.

“ಬ್ಯಾಡ ಬೇ, ನಾ ತೊಳಕೋತೀನಿ,” ಎಂದಳು ರಾಜೇಶ್ವರಿ.

“ಸುಮ್ಮ ಕುಂದ್ರು,” ಎಂದು ಹನಮವ್ವ ಅವಳ ಮೊಣಕಾಲಿನ ಮೇಲೆ ಮೆಲ್ಲಗೆ ನೀರು ಸುರಿದು, ಕೆಸರನ್ನು ತನ್ನ ಕೈಯಿಂದಲೇ ಉಜ್ಜಿ ತೆಗೆದಳು. ಅಷ್ಟರಲ್ಲಿ ಕುಂದಗೋಳದವನ ಫೋನು ಬಂತು, ಹಳ್ಳ ಇಳಿಯಲಿ, ನಾಳೆ ನೋಡುತ್ತೇನೆ ಎಂದು. “ಬ್ಯಾಡಪ್ಪಾ,” ಎಂದಳು ಹನಮವ್ವ. “ನಮ್ಮ ರಾಜಿ ಬಂದಾಳ.”

ದೀಪಾವಳಿ ಕಳೆದು ಮೂರು ವಾರಕ್ಕೆ ಕೈಯಾಡಿಸಿ ನೋಡಿದಾಗ ಹನಮವ್ವನ ಎಮ್ಮೆ ಗಬ್ಬವಾಗಿತ್ತು. ಅಲ್ಲಿಯತನಕ ಗಾಡಿ ಒಂದು ದಿನವೂ ನಿಂತಿರಲಿಲ್ಲ. ಡೇರಿಯ ಸಭೆಯಲ್ಲಿ ಬಸವಣ್ಣೆಪ್ಪ ಎಲ್ಲರೆದುರಿಗೆ, ಐದೂ ಊರು ನಿಮಗೇ ಇರಲಿ ಎಂದ.

“ಐದಕ್ಕ ಆರ ಮಾಡ್ರಿ,” ಎಂದಳು ರಾಜೇಶ್ವರಿ. “ತಡಹಾಳದಾಗ ಯಾರೂ ಇಲ್ಲ. ನಾ ಹೋಗತೀನಿ.”

“ದೂರ ಆಗತೈತ್ರಿ. ಕಾಲು...”

“ಕಾಲು ನಂದ್ರಿ.”

ಮುಂದಿನ ಸೋಮವಾರವೇ ತಡಹಾಳದಿಂದ ಮೊದಲ ಕರೆ ಬಂತು. ಊರಬಾಗಿಲ ಅಗಸಿಯ ಹತ್ತಿರದ ಮನೆ. ರುಮಾಲು ಸುತ್ತಿದ ಯಜಮಾನನೊಬ್ಬ ಹೊರಗೆ ಬಂದು ಗಾಡಿಯನ್ನೂ ಡಬ್ಬಿಯನ್ನೂ ಕುಂಟುತ್ತ ಇಳಿದವಳನ್ನೂ ಮೇಲಿಂದ ಕೆಳಗೆ ನೋಡಿದ.

“ಡಾಕ್ಟರ ಎಲ್ಲ್ಯದಾರವಾ?”

ರಾಜೇಶ್ವರಿ ಆಗಲೇ ತೋಳು ಮಡಚುತ್ತಿದ್ದಳು.

“ನಾನರಿ,” ಎಂದಳು. “ಎಮ್ಮಿ ಎಲ್ಲೈತಿ ತೋರಸ್ರಿ.”