ತುಟಿಯ ಹದ

ಮೊಸರು ಕಟ್ಟಿದ ಬಟ್ಟೆಯನ್ನು ಹಿಂಡಿ ಹಿಂಡಿ ಗಂಗಾಮಣಿಯ ಬೆರಳ ಸಂದಿಯೆಲ್ಲ ಬಿರಿದಿತ್ತು. ಕೈಗೆ ಹಾಕಿದ್ದ ಪ್ಲಾಸ್ಟಿಕ್ ಗವಸು ಹರಿದು, ಹುಳಿನೀರು ಒಳಗಿಳಿದು, ಬಿರುಕು ಬಿದ್ದ ಕಡೆಯೆಲ್ಲ ಚುರುಚುರು ಉರಿಯುತ್ತಿತ್ತು. ಡಿಸೆಂಬರ್ ಚಳಿ ಬೇರೆ. ಕಾಫಿ ಸ್ಟೋರಿನ ಹಿಂದುಗಡೆ, ತಗಡಿನ ಮಾಡಿನ ಕೆಳಗೆ, ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಅವಳು ಬೆಳಕು ಹರಿಯುವ ಮುಂಚೆಯೇ ಬಂದು ಕುಕ್ಕರಿಸಿದ್ದಳು.

ಬೇರೆ ಗವಸು ಕೇಳಿದ್ದಕ್ಕೆ ಯಜಮಾನಿ ಜಗದಾಂಬ ಉರಿದುಬಿದ್ದಿದ್ದಳು. "ಹರ್ಕೊಂಡ್ಯಾ? ನಿನ್ ಕೈಯೇನ್ ಕೈಯೋ ಗರಗಸಾನೋ? ಇವತ್ತೊಂದಿನ ಹೆಂಗೋ ಹಾಕ್ಕೊ. ಬರೀ ಕೈಲಿ ಮುಟ್ಟಿದ್ರೆ ನೋಡು ಮತ್ತೆ!"

ಗವಸು ಕೊಟ್ಟದ್ದು ಅವಳ ಕೈ ಕಾಪಾಡಲಿಕ್ಕಲ್ಲ ಸ್ವಾಮಿ. ಅವಳ ಕೈಯಿಂದ ಮೊಸರನ್ನು ಕಾಪಾಡಲಿಕ್ಕೆ.

ಹೆಗ್ಗದ್ದೆ ಹತ್ತಿರದ ಆ ಎಸ್ಟೇಟಿನ ಸಾವ್ಕಾರ ತೋಟಪ್ಪನ ಮನೆಯೊಳಗೆ ಲೈನಿನವರು, ಅಂದರೆ ಕೂಲಿಗಳ ಸಾಲುಮನೆಯವರು, ಕಾಲಿಡುವ ಹಾಗಿಲ್ಲ. ಅವರು ಮುಟ್ಟಿದ ನೀರು ಕುಡಿಯುವ ಹಾಗಿಲ್ಲ. ಆದರೆ ಎರಡು ವರ್ಷದ ಕೆಳಗೆ ಹೋಂಸ್ಟೇ ಬೋರ್ಡು ನೇತುಹಾಕಿದ ಮೇಲೆ ಕಥೆ ಬದಲಾಯಿತು. ಸೊಸೆ ಮಾನಸಾ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ಕೇಕಿನ ಕ್ಲಾಸಿಗೆ ಹೋದವಳು. ಬಂದ ಅತಿಥಿಗಳಿಗೆಂದು ಚೀಸ್ ಕೇಕಿನ ಉಂಡೆ ಮಾಡಿ, ಕಡ್ಡಿಗೆ ಸಿಕ್ಕಿಸಿ, ಚಾಕಲೇಟಿನಲ್ಲಿ ಅದ್ದಿ ಕೊಟ್ಟಳು. ಅತಿಥಿಗಳು ಬಾಯಿ ಚಪ್ಪರಿಸಿದರು. ಬರುಬರುತ್ತ ಬೇಡಿಕೆ ಜಾಸ್ತಿಯಾಯಿತು, ಮಾನಸಾಗೆ ಬಸುರಾಯಿತು, ಬಾಣಂತನವಾಯಿತು. ಉಂಡೆ ಕಟ್ಟುವ ಕೈ ಬೇಕಲ್ಲ? ಗಂಗಾಮಣಿಯನ್ನು ಕರೆದರು.

"ಅಲ್ಲ ಕಣ್ರೀ ಅಮ್ಮಾರೇ, ನಾನ್ ಮುಟ್ಟಿದ್ರೆ ಮೈಲಿಗೆ ಆಗಕಿಲ್ವಾ?" ಅಂದು ಅವಳೇ ಕೇಳಿದ್ದಳು.

"ಇದು ಒಲೆ ಮೇಲೆ ಬೇಯಿಸ್ದ ಅಡಿಗೆ ಅಲ್ವಲ್ಲ. ಬೇಕರಿ ತಿಂಡಿಗೆ ಎಂಥ ಮೈಲಿಗೆ? ಗವಸು ಹಾಕ್ಕೊ, ಆಯ್ತು," ಅಂದಿದ್ದಳು ಜಗದಾಂಬ. ನೋಡಿ ಎಂಥಾ ಶಾಸ್ತ್ರ! ತಮಗೆ ಬೇಕಾದಾಗ ಬೇಕಾದ ಹಾಗೆ ಬಗ್ಗುತ್ತದೆ.

ಮೊಟ್ಟೆ ಸೋಕದ ಮನೆ. ಹಾಗಾಗಿ ನೀರಿಳಿಸಿದ ಮೊಸರು, ಪನೀರು, ಸಕ್ಕರೆ, ಬಿಸ್ಕತ್ತಿನ ಪುಡಿ ಸೇರಿಸಿ ಅರೆದು, ಉಂಡೆ ಕಟ್ಟಿ, ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಬೇಕು. ಬಿದಿರ ಕಡ್ಡಿ ಸಿಕ್ಕಿಸಬೇಕು. ಬಿಸಿನೀರಿನ ಮೇಲೆ ಚಾಕಲೇಟು ಕರಗಿಸಿ ಅದ್ದಬೇಕು. ಅದ್ದಿದ ಉಂಡೆಯನ್ನು ಎಲ್ಲೂ ತಾಗದ ಹಾಗೆ ನಿಲ್ಲಿಸಲು ಗಂಗಾಮಣಿಯೇ ಒಂದು ದಾರಿ ಕಂಡುಕೊಂಡಳು. ಬಾಳೆದಿಂಡಿನ ತುಂಡು ಮಲಗಿಸಿ, ಊದುಕಡ್ಡಿ ಚುಚ್ಚಿದ ಹಾಗೆ ಸಾಲಾಗಿ ಚುಚ್ಚುತ್ತಿದ್ದಳು. ಆಮೇಲೆ ಕಂದು ಉಂಡೆಯ ಮೇಲೆ ಬಿಳಿ ಚಾಕಲೇಟಿನಲ್ಲಿ ಕಾಫಿ ಹೂವು ಬಿಡಿಸುತ್ತಿದ್ದಳು. ಬಂದವರೆಲ್ಲ ಫೋಟೋ ತೆಗೆದುಕೊಳ್ಳುತ್ತಿದ್ದರು. "ನಮ್ ಸೊಸೆ ಕೈಚಳಕ," ಅನ್ನುತ್ತಿದ್ದಳು ಜಗದಾಂಬ.

ಚಾಕಲೇಟಿನ ಹದ ನೋಡುವುದನ್ನು ಹೇಳಿಕೊಟ್ಟವಳು ಮಾತ್ರ ಮಾನಸಾ.

"ಗವಸಿನ ಬೆರಳಿಗೆ ಬಿಸಿ ಗೊತ್ತಾಗಲ್ಲ ಗಂಗಾ. ಕಡ್ಡೀಲಿ ಒಂಚೂರು ತಗೊಂಡು ಕೆಳತುಟಿ ಕೆಳಗೆ ಮುಟ್ಟಿಸ್ಕೊ. ಬಿಸಿ ಅನ್ನಿಸ್ಬಾರ್ದು, ತಣ್ಣಗೂ ಅನ್ನಿಸ್ಬಾರ್ದು. ಅದೇ ಹದ. ನಮ್ ಕ್ಲಾಸಲ್ಲಿ ಎಲ್ರೂ ಹಿಂಗೇ ನೋಡೋದು."

"ಅಯ್ಯೋ, ಎಂಜ್ಲಾಗಕಿಲ್ವಾ ಚಿಕ್ಕಮ್ಮಾರೇ?"

"ಬಾಯೊಳಗೆ ಹೋದ್ರೆ ತಾನೆ ಎಂಜಲು? ಆ ಕಡ್ಡಿ ಬಿಸಾಕು, ಬೇರೆ ಕಡ್ಡಿ ತಗೊ."

ಅಂದಿನಿಂದ ಗಂಗಾಮಣಿ ಹಾಗೇ ಮಾಡುತ್ತ ಬಂದಳು. ಕಲಿಸಿದ್ದನ್ನು ಕಲಿಸಿದ ಹಾಗೆ ಮಾಡಿದರೆ ತಪ್ಪಾಗುತ್ತದೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಬೈಗುಳ ತಿಂದು, ಆಗಾಗ ತೋಟಪ್ಪನ ಕೋಲಿನ ಏಟೂ ತಿಂದು ಅವಳು ಇದನ್ನೆಲ್ಲ ಸಹಿಸಿದ್ದು ಲೈನಿನ ಒಂದು ಕೋಣೆಗೋಸ್ಕರ. ಗಂಡ ನಂಜುಂಡ ಆ ಕೋಣೆಯಲ್ಲಿ ಮಲಗಿದ್ದ. ಕಾಫಿ ಗಿಡದ ಮೇಲಿನ ನೆರಳು ಕಡಿಮೆ ಮಾಡಲೆಂದು ಸಿಲ್ವರ್ ಮರದ ಕೊಂಬೆ ಕಡಿಯಲು ಹತ್ತಿಸಿದ್ದರು. ಹಗ್ಗ ಲಡ್ಡಾಗಿದೆ ಅಂದರೂ ಕೇಳದೆ ಹತ್ತಿಸಿದ್ದರು. ಬಿದ್ದ. ಸೊಂಟದ ಕೆಳಗೆ ಜೀವ ಹೋಯಿತು. ಆಸ್ಪತ್ರೆಯಿಂದ ತಂದು ಮಲಗಿಸಿದ ದಿನ ತೋಟಪ್ಪ ಲೈನಿನ ಬಾಗಿಲಲ್ಲಿ ನಿಂತು ಹೇಳಿದ್ದ: "ನಿನ್ ಕೈ ಆಡೋ ತನ್ಕ ಈ ಕೋಣೇಲಿರು ಗಂಗಿ. ಕೈ ನಿಂತ್ ದಿನ ಮಂಚ ಹೊರಕ್ಕೆ."

ಅವತ್ತು ತೋಟಪ್ಪನ ಮೊಮ್ಮಗಳ ಮೊದಲ ಹುಟ್ಟುಹಬ್ಬ. ಕಾಫಿ ಒಣಗಿಸುವ ಕಣದಲ್ಲಿ ಶಾಮಿಯಾನ ಹಾಕಿದ್ದರು. ಬಾಳ್ಳುಪೇಟೆಯಿಂದ ಬೀಗರು, ಅಂದರೆ ಮಾನಸಾಳ ತಂದೆ ಪರಮಶಿವಯ್ಯ, ನೆಂಟರನ್ನು ಕಟ್ಟಿಕೊಂಡು ಬಂದಿದ್ದರು. ಬೆಳಿಗ್ಗೆ ಮಾಡಿದ ಕಡ್ಡಿ ಕೇಕು ಬಾಳೆದಿಂಡಿನ ಸಮೇತ ಕಣಕ್ಕೆ ಹೋಗಿತ್ತು. ಇನ್ನೂ ಬೇಕೆಂದು ಹೇಳಿಕಳಿಸಿದ್ದರಿಂದ ಗಂಗಾಮಣಿ ಎರಡನೇ ಸಲ ಚಾಕಲೇಟು ಕರಗಿಸಿಕೊಂಡು ಕೂತಿದ್ದಳು.

ಪರಮಶಿವಯ್ಯ ಕೈ ತೊಳೆಯಲು ನಲ್ಲಿ ಹುಡುಕಿಕೊಂಡು ಸ್ಟೋರಿನ ಹಿಂದಕ್ಕೆ ಬಂದರು. ಗಂಗಾಮಣಿ ಕಡ್ಡಿಯಲ್ಲಿ ಚಾಕಲೇಟು ತೆಗೆದು ತುಟಿಯ ಕೆಳಗೆ ಮುಟ್ಟಿಸಿಕೊಂಡು, ಕಣ್ಣು ಮುಚ್ಚಿ ಹದ ನೋಡುತ್ತಿದ್ದಳು.

"ಏನೇ ಅದು? ಯಾರೇ ನೀನು?"

ಗಂಗಾಮಣಿ ಎದ್ದು ನಿಂತಳು. ಹೆದರಲಿಲ್ಲ. ನಕ್ಕಳು ಕೂಡ. "ಹದ ನೋಡ್ತಿದ್ದೆ ಬುದ್ಧೀ. ವಸಿ ಬಿಸಿ ಐತೆ."

"ತೋಟಪ್ಪೋರೇ! ಬನ್ರೀ ಇಲ್ಲಿ! ನಮ್ಗೆ ಇವಳ ಎಂಜ್ಲು ತಿನ್ನಿಸ್ತಿದೀರೇನ್ರೀ?"

ತೋಟಪ್ಪ ಬಂದ. ಹಿಂದೆಯೇ ಜಗದಾಂಬ, ಮಾನಸಾ, ತೋಟದ ಲೆಕ್ಕ ಬರೆಯುವ ರೈಟರ್ ಬಸವರಾಜು. ತೋಟಪ್ಪ ಏನನ್ನೂ ಕೇಳಲಿಲ್ಲ. ಕೈಯಲ್ಲಿದ್ದ ಕಾಫಿ ಗಿಡದ ಕೋಲು ಬೀಸಿದ. ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದಕ್ಕೆ ಕೈ ಅಡ್ಡ ಹಿಡಿದಳು, ಮೊಣಕೈ ಲಟಕ್ಕೆಂದಿತು. ಬಿದ್ದವಳ ಬೆನ್ನಿಗೆ ಬೂಟುಗಾಲಿನಲ್ಲಿ ಒದ್ದ.

"ಬುದ್ಧೀ, ಚಿಕ್ಕಮ್ಮಾರೇ ಹೇಳ್ಕೊಟ್ಟಿದ್ದು! ಅವ್ರನ್ನೇ ಕೇಳಿ ಬುದ್ಧೀ!"

ತೋಟಪ್ಪ ಸೊಸೆಯ ಕಡೆ ತಿರುಗಿದ. "ಏನಮ್ಮ? ನೀನ್ ಹೇಳ್ಕೊಟ್ಟಿದ್ದಾ?"

ಮಾನಸಾ ಅಪ್ಪನ ಮುಖ ನೋಡಿದಳು. ಮಾವನ ಕೋಲು ನೋಡಿದಳು.

"ಇಲ್ಲ ಮಾವ."

ಅಯ್ಯೋ ತಾಯಿ! ಎರಡೇ ಮಾತು. ಆ ಎರಡು ಮಾತಿನಿಂದ ಆದದ್ದು ಕೋಲಿನಿಂದಲೂ ಆಗಿರಲಿಲ್ಲ. ಗಂಗಾಮಣಿ ಅರಚುವುದನ್ನೇ ನಿಲ್ಲಿಸಿದಳು.

"ಸುಳ್ಳು ಬೇರೆ ಬೊಗಳ್ತೀಯಾ ಬೇವರ್ಸಿ? ಬಸವರಾಜು, ಹಿಡ್ಕೊಳ್ಲಾ ಇವಳ್ನ!"

ಬಸವರಾಜು ಅವಳ ತೋಳು ಹಿಂದಕ್ಕೆ ತಿರುಚಿ ಹಿಡಿದ. ತೋಟಪ್ಪ ಬಿಸಿನೀರಿಟ್ಟಿದ್ದ ಒಲೆಯ ಕೆಂಡದಲ್ಲಿದ್ದ ಇಕ್ಕಳ ಎತ್ತಿಕೊಂಡ. ಅದರ ತುದಿ ಕೆಂಪಗಿತ್ತು.

"ಮಕದ್ ಮೇಲ್ ಬ್ಯಾಡ ಕಣ್ರೀ," ಅಂದಳು ಜಗದಾಂಬ. ಕರುಣೆ ಬಂತು ಅಂದುಕೊಂಡಿರಾ? "ಬೀಗ್ರ ಕಡೇರೆಲ್ಲ ಅವ್ರೆ, ಯಾರಾರು ನೋಡಿಯಾರು."

ಅವನು ಕೇಳಲಿಲ್ಲ. ಯಾವ ಜಾಗದಲ್ಲಿ ಚಾಕಲೇಟು ಅಂಟಿತ್ತೋ ಅದೇ ಜಾಗಕ್ಕೆ ಇಕ್ಕಳ ಒತ್ತಿದ. ಚರ್ಮ ಸುಟ್ಟ ನಾತ ಚಾಕಲೇಟಿನ ವಾಸನೆಯ ಜೊತೆ ಬೆರೆಯಿತು. ಪರಮಶಿವಯ್ಯ ಮೂಗು ಮುಚ್ಚಿಕೊಂಡರು.

"ಹೋಗಿ ಇವಳ ಕೋಣೆ ಖಾಲಿ ಮಾಡ್ಸು," ಅಂದ ತೋಟಪ್ಪ ರೈಟರಿಗೆ. "ಮಂಚ ಗೇಟಿಂದಾಚೆ ಹಾಕು."

ಜಗದಾಂಬ ಬೀಗರ ಮುಂದೆ ಕೈಮುಗಿದಳು. "ಆ ಪಾತ್ರೇದು ಚೆಲ್ಲಿಸ್ಬಿಡ್ತೀನಿ ಅಣ್ಣಾ. ಕಣದಲ್ಲಿರೋದು ಬೆಳಗ್ಗೆ ನಿಮ್ ಮಗಳೇ ಮಾಡಿದ್ದು." ಪರಮಶಿವಯ್ಯ ಮಗಳ ಕಡೆ ನೋಡಿದರು. ಮಾನಸಾ ಹೌದೆಂದು ತಲೆಯಾಡಿಸಿದಳು. ಅವರು ಸಮಾಧಾನವಾಗಿ ಕಣಕ್ಕೆ ಹೋಗಿ ಒಂದು ಕಡ್ಡಿ ಕೇಕು ಕಿತ್ತು ಬಾಯಿಗಿಟ್ಟುಕೊಂಡರು.

ಲೈನಿನ ಎದುರಿಗೇ ಅವತ್ತು ಕಾಫಿ ಹಣ್ಣು ಕುಯ್ಯುತ್ತಿದ್ದರು. ಬಸವರಾಜು ಇಬ್ಬರು ಆಳುಗಳನ್ನು ಕರೆದುಕೊಂಡು ಬಂದು ನಂಜುಂಡನನ್ನು ಮಂಚದ ಸಮೇತ ಹೊರಗೆ ಎಳೆದ. ಹೊಸ್ತಿಲಿಗೆ ಮಂಚದ ಕಾಲು ಸಿಕ್ಕಿಕೊಂಡಾಗ ಒದ್ದು ಬಿಡಿಸಿದ. ನಂಜುಂಡ ಕೆಳಗುರುಳಿದ. ಎತ್ತಿ ಮತ್ತೆ ಮಂಚಕ್ಕೆಸೆದರು. ಪಾತ್ರೆ, ಕಂಬಳಿ, ಅಕ್ಕಿ ಡಬ್ಬ ಎಲ್ಲ ಅಂಗಳದಲ್ಲಿ ಚೆಲ್ಲಾಪಿಲ್ಲಿಯಾದವು. ಕೋಣೆಗೆ ಬೀಗ ಜಡಿದರು.

"ಬಸವರಾಜು," ಅಂದ ನಂಜುಂಡ, "ನೀನೂ ಇದೇ ಲೈನಲ್ಲಿ ಹುಟ್ಟಿದ್ದು ಕಣೋ."

"ನಂಗೇನ್ ಗೊತ್ತು ಮಾರಾಯ. ಸಾವ್ಕಾರ್ರು ಹೇಳವ್ರೆ."

ಗಿಡದ ಸಾಲಿನಲ್ಲಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಹಿಂದೆಯೂ ಇಂಥದನ್ನು ನೋಡಿದ್ದರು. ನೋಡಿ, ತಲೆ ತಗ್ಗಿಸಿ, ಮತ್ತೆ ಹಣ್ಣು ಕುಯ್ದಿದ್ದರು. ಅವತ್ತೂ ಅಷ್ಟೇ ಆಗುತ್ತಿತ್ತೇನೋ. ಆದರೆ ಗಂಗಾಮಣಿ ಮೊಣಕೈ ಹಿಡಿದುಕೊಂಡು ಏರಿ ಹತ್ತಿ ಬಂದಳು. ಪಕ್ಕದ ಕೋಣೆಯ ಚಿನ್ನಮ್ಮ ಓಡಿಬಂದು ಅವಳ ಗಲ್ಲ ಹಿಡಿದು ನೋಡಿದಳು. ತುಟಿಯ ಕೆಳಗೆ ಬೊಬ್ಬೆಯೆದ್ದು, ಚರ್ಮ ಸುಲಿದು ಮಾಂಸ ಕಾಣುತ್ತಿತ್ತು.

"ಯಾರೇ ಸುಟ್ಟೋರು? ಯಾಕೇ?"

"ಹದ ನೋಡ್ದೆ ಕಣಕ್ಕ," ಅಂದಳು ಗಂಗಾಮಣಿ. ಬಾಯಿ ಸರಿಯಾಗಿ ತೆರೆಯುತ್ತಿರಲಿಲ್ಲ. "ಅವ್ರು ಕಲ್ಸಿದ್ ಹಂಗೇ ನೋಡ್ದೆ."

ಚಿನ್ನಮ್ಮ ಸೊಂಟಕ್ಕೆ ಕಟ್ಟಿದ್ದ ಹಣ್ಣಿನ ಚೀಲ ಬಿಚ್ಚಿ ನೆಲಕ್ಕೆಸೆದಳು. ಕೆಂಪು ಹಣ್ಣು ಇಳಿಜಾರಿನುದ್ದಕ್ಕೂ ಉರುಳಿತು. "ಹುಸಾರ್ ತಪ್ಪಿ ಬಿದ್ದಿರೋನ್ನ ಬೀದಿಗೆ ಹಾಕ್ತಾರೆ, ದುಡಿಯೋಳ ಬಾಯಿ ಸುಡ್ತಾರೆ. ನಾಳೆ ನನ್ ಮಂಚ ಕಣ್ರೇ, ನಾಡಿದ್ದು ನಿಮ್ದು. ಎತ್ರೇ ಮಂಚಾನ!"

ನಾಲ್ವರು ಹೆಂಗಸರು ಮಂಚಕ್ಕೆ ಹೆಗಲು ಕೊಟ್ಟರು. ಉಳಿದವರು ಕೊಂಬೆ ಬಗ್ಗಿಸುವ ಕೊಕ್ಕೆಕೋಲು ಹಿಡಿದು ಹಿಂದೆ ನಡೆದರು.

"ಗೇಟ್ ಆ ಕಡೆ ಐತೆ!" ಅಂದು ಬಸವರಾಜು ಕೂಗಿದ.

"ಗೇಟಿಗಲ್ಲ ಕಣೋ," ಅಂದಳು ಚಿನ್ನಮ್ಮ.

ಕಣದಲ್ಲಿ ಧ್ವನಿವರ್ಧಕ ಹಾಡುತ್ತಿತ್ತು. ಮಂಚ ಶಾಮಿಯಾನದ ಕೆಳಗೆ ಬಂದಾಗ ನೆಂಟರು ಕುರ್ಚಿ ಬಿಟ್ಟು ಎದ್ದರು. ಹೆಂಗಸರು ಕೇಕಿನ ಮೇಜಿನ ಮುಂದೆಯೇ ಮಂಚ ಇಳಿಸಿದರು. ಯಾರೋ ಹಾಡು ನಿಲ್ಲಿಸಿದರು.

ಗಂಗಾಮಣಿ ಬಾಳೆದಿಂಡಿನಿಂದ ಒಂದು ಕಡ್ಡಿ ಕೇಕು ಕಿತ್ತಳು. ಹರಿದ ಗವಸು ಕಳಚಿ ಮೇಜಿನ ಮೇಲಿಟ್ಟಳು. ಬರಿಗೈಯಲ್ಲಿ ಅದನ್ನು ಎತ್ತಿ ಹಿಡಿದಳು.

"ಈ ಹೂವ ಬಿಡ್ಸಿದ್ದು ನಾನು. ಬೆಳಗ್ಗೆ ಮಾಡಿದ್ದೂ ನಾನೇ. ಇಷ್ಟು ದಿನ ನೀವು ಚೆಂದಾಗೈತೆ ಅಂತ ತಿಂದಿದ್ದೆಲ್ಲ ನನ್ ತುಟಿ ಹೇಳಿದ್ ಹದ."

ಒಂದಿಬ್ಬರು ಥೂ ಥೂ ಎಂದು ಉಗಿದರು. ಮತ್ತೊಂದು ಕಡ್ಡಿ ಕೇಕು ತಿನ್ನುತ್ತಿದ್ದ ಪರಮಶಿವಯ್ಯನ ಬಾಯಲ್ಲಿದ್ದುದು ಬಾಯಲ್ಲೇ ನಿಂತಿತು. ಗಂಗಾಮಣಿ ಮಾನಸಾಳ ಮುಂದೆ ಹೋಗಿ ನಿಂತಳು.

"ನೋಡಿ ಚಿಕ್ಕಮ್ಮಾರೇ. ನನ್ ಮಕ ನೋಡಿ ಹೇಳಿ."

ಮಾನಸಾ ಆ ಸುಟ್ಟ ಗಾಯ ನೋಡಿದಳು. ಅವಳ ಕೈ ತನಗೆ ಗೊತ್ತಿಲ್ಲದೆಯೇ ತನ್ನ ಕೆಳತುಟಿಗೆ ಹೋಯಿತು.

"ನಾನೇ ಹೇಳ್ಕೊಟ್ಟಿದ್ದು," ಅಂದಳು. "ನಾನೂ ಹಂಗೇ ನೋಡ್ತಿದ್ದಿದ್ದು ಮಾವ."

ಈಗ ತೋಟಪ್ಪ ನಾಚಿಕೊಳ್ಳಬೇಕಿತ್ತು. ನಾಚಿಕೆ ಎಲ್ಲಿಂದ ತರುತ್ತಾನೆ ಅವನು? ಸೊಸೆಯನ್ನು ಪಕ್ಕಕ್ಕೆ ತಳ್ಳಿದ.

"ನೀನ್ ಮುಟ್ಟಿಸ್ಕೊಂಡ್ರೆ ಹದ ಕಣಮ್ಮ. ಅವಳ್ ಮುಟ್ಟಿಸ್ಕೊಂಡ್ರೆ ಎಂಜ್ಲು."

ಕೋಲು ಎತ್ತಿದ. ಅದು ಇಳಿಯಲಿಲ್ಲ. ಚಿನ್ನಮ್ಮ ಕೊಕ್ಕೆ ಹಾಕಿ ಎಳೆದಳು. ಕೊಂಬೆ ಬಗ್ಗಿಸಿ ಬಗ್ಗಿಸಿ ಗಟ್ಟಿಯಾದ ಕೈ ಅದು. ಕೋಲು ಕೈತಪ್ಪಿತು, ಅದರ ಜೊತೆ ತೋಟಪ್ಪನೂ ಮುಗ್ಗರಿಸಿ ಮೇಜಿನ ಮೇಲೆ ಬಿದ್ದ. ಮೇಜು ಮಗುಚಿತು. ಬಾಳೆದಿಂಡು ಉರುಳಿತು, ಉಂಡೆಗಳು ಸಿಡಿದವು. ಬಸವರಾಜು ಮುಂದೆ ನುಗ್ಗಿದ. ಹೆಂಗಸರ ಕೊಕ್ಕೆಕೋಲುಗಳು ಅವನೆದುರು ಅಡ್ಡ ನಿಂತವು. ಒಂದು ಕೋಲು ಅವನ ಹಣೆಗೆ ಬಿದ್ದು ರಕ್ತ ಸುರಿಯಿತು. ಅವನು ಹಿಂದೆ ಸರಿದ.

ತೋಟಪ್ಪ ಅಂಗಿಗೆ ಮೆತ್ತಿದ ಚಾಕಲೇಟು ಒರೆಸಿಕೊಳ್ಳುತ್ತ ಎದ್ದ. "ಪೊಲೀಸಿಗೆ ಹೇಳ್ತೀನಿ! ಒಬ್ಬೊಬ್ರುನ್ನೂ ಲೈನಿಂದ ಒದ್ದು ಓಡಿಸ್ತೀನಿ!"

"ಕರ್ಸಿ ಬುದ್ಧೀ," ಅಂದಳು ಗಂಗಾಮಣಿ. "ಬಂದೋರ್ಗೆ ಈ ಬಾಯಿ ತೋರಿಸ್ತೀನಿ. ನನ್ ಗಂಡ ನಿಮ್ ಮರದಿಂದ ಬಿದ್ದೋನು. ಕೋಣೆ ಬೀಗ ತೆಗೆಯೋಗಂಟ ಅವನ ಮಂಚ ಇಲ್ಲೇ."

ಅವಳು ಮಂಚದ ಅಂಚಿಗೆ ಕೂತಳು. ಕೈಯಲ್ಲಿ ಉಳಿದಿದ್ದ ಕಡ್ಡಿ ಕೇಕನ್ನು ನಂಜುಂಡನ ಬಾಯಿಗಿಟ್ಟಳು. ಇಷ್ಟು ಕಾಲದಿಂದ ಅವಳು ಮಾಡುತ್ತಿದ್ದ ಆ ತಿಂಡಿಯ ರುಚಿ ಅವನಿಗೆ ಗೊತ್ತಿರಲಿಲ್ಲ. ಅವನು ಅಳುತ್ತ ತಿಂದ.

ಬಸವರಾಜು ಹಣೆ ಒತ್ತಿಹಿಡಿದು ಸ್ಟೋರಿನ ಮುಂದೆ ನೇತುಹಾಕಿದ್ದ ಕಂಬಿ ಬಡಿದ. ಮಧ್ಯಾಹ್ನದ ಕೆಲಸಕ್ಕೆ ಕರೆಯುವ ಸದ್ದು ಅದು. ಗುಡ್ಡದ ತುಂಬ ಹಣ್ಣು ಕೆಂಪಾಗಿ ನಿಂತಿತ್ತು. ಅವನು ಬಡಿದೇ ಬಡಿದ. ಮಂಚದ ಸುತ್ತ ಕೂತಿದ್ದವರಲ್ಲಿ ಒಬ್ಬರೂ ಏಳಲಿಲ್ಲ.