ಹದಿನಾರನೆಯ ಹೆಸರು

ಮಸ್ಕತ್ತಿನಲ್ಲಿ ನಮ್ಮ ಹಾಕಿ ತಂಡ ಕಟ್ಟಿದವನು ನಾನು, ದೂಮಪ್ಪ. ಹಾಗಾಗಿ ಅದರ ಮೊದಲ ನಿಯಮವೂ ನನ್ನದೇ: ಆಡುವ ಹನ್ನೊಂದು ಜನಕ್ಕೂ ತುಳು ಬರಬೇಕು. ಯಾಕೆ ಎಂದು ಕೇಳಿದವರಿಗೆ ನನ್ನಲ್ಲಿ ಉತ್ತರ ಸಿದ್ಧವಿತ್ತು. ಎಡಕ್ಕೆ ಕೊಡು, ಬಲಕ್ಕೆ ಓಡು ಎಂದು ನಾವು ಮೈದಾನದಲ್ಲಿ ತುಳುವಿನಲ್ಲೇ ಕೂಗಿಕೊಳ್ಳುತ್ತಿದ್ದೆವು. ಪಂಜಾಬಿಗಳಿಗಾಗಲಿ ಸಿಂಹಳದವರಿಗಾಗಲಿ ಅದರ ಗಂಧಗಾಳಿಯೂ ಇರುತ್ತಿರಲಿಲ್ಲ. ಈ ಉಪಾಯದಿಂದ ನಾಲ್ಕೈದು ಪಂದ್ಯ ಗೆದ್ದದ್ದೂ ಉಂಟು.

ಉತ್ತರದ ಇನ್ನರ್ಧವನ್ನು ಯಾರಿಗೂ ಹೇಳಿರಲಿಲ್ಲ. ೧೯೮೯ರ ಆ ಚಳಿಗಾಲಕ್ಕೆ ನನಗೆ ನಲವತ್ತೊಂದು ತುಂಬಿತ್ತು. ಏಳು ವರ್ಷದಿಂದ ಗೋಲ್‌ಕೀಪರ್ ನಾನೇ. ಬಗ್ಗಿದರೆ ಮಂಡಿ ಮತ್ತೆ ನೆಟ್ಟಗಾಗಲು ಹೊತ್ತು ಹಿಡಿಯುತ್ತಿತ್ತು. ಆದರೆ ತುಳು ಬಲ್ಲವರಲ್ಲಿ ಇನ್ನೊಬ್ಬ ಗೋಲ್‌ಕೀಪರ್ ಇರಲಿಲ್ಲ. ನಿಯಮ ಇರುವವರೆಗೆ ನನ್ನ ಜಾಗ ಭದ್ರವಾಗಿತ್ತು.

ಆ ಜಾಗಕ್ಕೆ ತಕ್ಕವನು ನಮ್ಮ ಆಫೀಸಿನಲ್ಲೇ ಇದ್ದ. ಯೂಸುಫ್ ಎಂಬ ಒಮಾನಿ ಬಲೂಚಿ, ಇಪ್ಪತ್ತಾರು ವರ್ಷದವನು. ನಮ್ಮ ವೀಸಾ ಕಾಗದ ಹಿಡಿದು ಸರ್ಕಾರಿ ಕಚೇರಿ ಸುತ್ತುವುದು ಅವನ ಕೆಲಸ. ಅಲ್ ಮಬೇಲಾದ ಮಣ್ಣಿನ ಮೈದಾನಕ್ಕೆ ಅನುಮತಿ ಕೇಳುವಾಗ ಒಬ್ಬ ಒಮಾನಿಯ ಸಹಿ ಬೇಕಾಯಿತು. ಅವನು ಹಾಕಿಕೊಟ್ಟ. ಆ ಉಪಕಾರಕ್ಕೆ ತಂಡದ ಪಟ್ಟಿಯಲ್ಲಿ ಅವನದು ಹದಿನಾರನೆಯ ಹೆಸರು. ಆಡಿಸುವುದಕ್ಕಲ್ಲ, ಬರೀ ಮರ್ಯಾದೆಗೆ. ಆದರೆ ಪುಣ್ಯಾತ್ಮ ಪ್ರತಿ ಶುಕ್ರವಾರ ಬೆಳಿಗ್ಗೆ ಅಭ್ಯಾಸಕ್ಕೆ ಬಂದುಬಿಡುತ್ತಿದ್ದ. ನಾನು ತಡಮಾಡಿದರೆ ಗೋಲಿನಲ್ಲಿ ನಿಲ್ಲುತ್ತಿದ್ದ, ನಾನು ಬಂದೊಡನೆ ಮರುಮಾತಿಲ್ಲದೆ ಪ್ಯಾಡ್ ಬಿಚ್ಚಿ ಕೊಡುತ್ತಿದ್ದ.

ಆ ವರ್ಷದ ಟೂರ್ನಿಯಲ್ಲಿ ನಾವು ಫೈನಲ್ ತಲುಪಿದ ಮೇಲೆ ನಮ್ಮ ಫಾರ್ವರ್ಡ್ ಗುರುವ ಒಂದು ದಿನ ಬಾಯಿಬಿಟ್ಟ. "ದೂಮಣ್ಣ, ಇವ ನಿಂತ್ರೆ ಗೋಲು ಹೊಡೀಲಿಕ್ಕೇ ಆಗುದಿಲ್ಲ ಮಾರಾಯ್ರೆ. ಫೈನಲಿಗೆ ಆಡಿಸುವನಾ?"

"ತುಳು ಬರ್ತದಾ ಅವನಿಗೆ?"

"ಚೆಂಡು ತಡೀಲಿಕ್ಕೆ ತುಳು ಎಂತಕ್ಕೆ?"

"ನಿಯಮ ಅಂದ್ರೆ ನಿಯಮ. ಖಲಾಸ್."

ಗುರುವ ಕೋಲು ಹೆಗಲಿಗೇರಿಸಿ ಹೊರಟುಹೋದ. ನನಗೆ ನಾಚಿಕೆಯಾಗದೆ ಇರಲಿಲ್ಲ.

ಫೈನಲಿನಲ್ಲಿ ಎದುರಾದದ್ದು ನೊರ್ಬರ್ಟನ ತಂಡ, ಎಲ್ಲರೂ ಮಂಗಳೂರು ಕಡೆಯ ಕೊಂಕಣಿಯವರು. ಆಟ ಶುರುವಾದ ಕೂಡಲೇ ನಾವು ಎಂದಿನಂತೆ ತುಳುವಿನಲ್ಲಿ ಕೂಗತೊಡಗಿದೆವು. ಎಡಕ್ಕೆ ಎಂದರೆ ಅವರಲ್ಲಿ ಇಬ್ಬರು ಮೊದಲೇ ಎಡಕ್ಕೆ ಹೋಗಿ ನಿಂತಿರುತ್ತಿದ್ದರು. ಹಿಂದಕ್ಕೆ ಕೊಡು ಎಂದರೆ ಚೆಂಡು ಅವರ ಕೋಲಿಗೇ ಹೋಗುತ್ತಿತ್ತು. ಒಂದು ಗೋಲು ಬಿತ್ತು. ಇನ್ನೊಂದು ನನ್ನ ಎರಡು ಕಾಲಿನ ನಡುವೆಯೇ ನುಸುಳಿತು. ನಾನು ಬಗ್ಗುವಷ್ಟರಲ್ಲಿ ಅದು ಬಲೆಯಲ್ಲಿತ್ತು.

ವಿರಾಮದಲ್ಲಿ ನೊರ್ಬರ್ಟ್ ನೀರು ಕುಡಿಯುತ್ತಾ ಅಚ್ಚ ತುಳುವಿನಲ್ಲೇ ಕೇಳಿದ: "ದಾನೆ ದೂಮಣ್ಣ, ಎಂಕುಲು ಕಿನ್ನಿಗೋಳಿದಕುಲು ಅತ್ತೇ?"

ತಾವು ತುಳುನಾಡಿನ ಕಿನ್ನಿಗೋಳಿಯವರಲ್ಲವೇ ಎಂದು ಅವನ ಪ್ರಶ್ನೆ. ಕಿನ್ನಿಗೋಳಿಯವರಿಗೆ ತುಳು ಬಾರದೆ ಏನು! ಊರಿನಲ್ಲಿ ಇವರೊಡನೆ ಹುಟ್ಟಿದಾಗಿನಿಂದ ತುಳುವಿನಲ್ಲೇ ಮಾತಾಡಿದವರು ನಾವು. ಪರದೇಶದಲ್ಲಿ ಗುಟ್ಟಿನ ಭಾಷೆ, ಗುಟ್ಟಿನ ಭಾಷೆ ಎಂದು ಮೆರೆದು ಮೆರೆದು, ಅಷ್ಟೂ ಜನರಲ್ಲಿ ಒಬ್ಬನಿಗೂ ಇದು ಹೊಳೆದಿರಲಿಲ್ಲ. ಗುರುವ ನನ್ನತ್ತ ನೋಡಿದ. ನಾನು ನಕ್ಕುಬಿಟ್ಟೆ, ಬೇರೆ ದಾರಿಯಿರಲಿಲ್ಲ. ನಕ್ಕಾದ ಮೇಲೆ ಮನಸ್ಸು ಹಗುರವಾಗಿ, ಮಾಡಬೇಕಾದದ್ದು ಏನೆಂದು ಗೊತ್ತಾಯಿತು.

"ಯೂಸುಫ್, ಪ್ಯಾಡ್ ಬಾಂಧೋ," ಎಂದೆ.

ಅವನು ನಂಬಲಿಲ್ಲ. "ಮಗರ್ ಆಪ್ ಕಾ ರೂಲ್?"

"ರೂಲ್ ಬನಾಯಾ ಕೌನ್? ಮೈಂ. ಯಲ್ಲಾ, ಜಲ್ದಿ!"

ನಾನು ಬದಿಯ ಬೆಂಚಿನಲ್ಲಿ ಕೂತೆ. ಏಳು ವರ್ಷ ನಮ್ಮವರ ಬೆನ್ನನ್ನಷ್ಟೇ ನೋಡಿದ್ದ ನನಗೆ ಅಂದು ಅವರ ಮುಖ ಕಾಣಿಸಿತು. ಗುರುವ ಓಡುವಾಗ ನಾಲಿಗೆ ಕಚ್ಚಿಕೊಳ್ಳುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ. ಯೂಸುಫ್ ಐದು ಹೊಡೆತ ತಡೆದ, ಒಂದನ್ನಂತೂ ಮಣ್ಣಿನಲ್ಲಿ ಉದ್ದಕ್ಕೆ ಬಿದ್ದು. ಗುರುವ ಒಂದು ಗೋಲು ಹೊಡೆದ. ಆದರೂ ೨–೧ರಲ್ಲಿ ಸೋತೆವು. ಆ ಎರಡೂ ನನ್ನ ಪಾಲಿನವೇ.

ಕೈಕುಲುಕಲು ಬಂದ ನೊರ್ಬರ್ಟ್ ದನಿ ತಗ್ಗಿಸಿದ. "ದೂಮಣ್ಣ, ನಿಮ್ಮದು ತುಳುವರ ತಂಡ ಅಲ್ವಾ? ಈ ಹುಡುಗನನ್ನು ನಮಗೆ ಕೊಡಿ. ನಿಮ್ಮ ಜಾಗ ನಿಮಗೇ ಇರ್ತದೆ."

ಮನುಷ್ಯ ಸರಿಯಾದ ಕಡೆಗೇ ಕೈಹಾಕಿದ್ದ. ಹೂಂ ಎಂದರೆ ಸಾಕಿತ್ತು. ನಿಯಮವೂ ಉಳಿಯುತ್ತಿತ್ತು, ನಾನೂ ಇನ್ನೆರಡು ವರ್ಷ ಗೋಲಿನಲ್ಲಿ ಕುಂಟುತ್ತಾ ನಿಲ್ಲಬಹುದಿತ್ತು. ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ?

"ಕೊಡುದಿಲ್ಲ," ಎಂದೆ. "ಅವ ನಮ್ಮವ."

ಅಷ್ಟರಲ್ಲಿ ಯೂಸುಫ್ ಎಂದಿನಂತೆ ಪ್ಯಾಡ್ ಬಿಚ್ಚಿ, ಧೂಳು ಕೊಡವಿ, ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ. ನಾನು ಕೈ ಚಾಚಲಿಲ್ಲ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವುಗಳನ್ನು ಎದೆಗವಚಿಕೊಂಡು ಹಾಗೇ ನಿಂತ.