ಬಾಗಿಲಿಗೆ ಇಟ್ಟ ಸ್ಟೂಲು

ಬೆಳಿಗ್ಗೆ ಹತ್ತೂ ಹದಿನೆಂಟಕ್ಕೆ ಸೂರತ್ತಿನಿಂದ ಒಂದು ಫೋಟೊ ಬಂತು. ಅದನ್ನು ತೆರೆದ ಕೃಪಾಳಿಗೆ ಮೊದಲು ನಗು ಬಂದಂತಾಯಿತು. ಆಮೇಲೆ ಫೋಟೊವನ್ನು ಹಿಗ್ಗಿಸಿ ಮತ್ತೆ ನೋಡಿದಳು.

ಫೋಟೊದಲ್ಲಿ ಅತ್ತೆ ಶಾರದಾ ಇದ್ದರು. ಸೂರತ್ತಿನ ಅಡಾಜಣ್‌ನ ಅಪಾರ್ಟ್‌ಮೆಂಟಿನ ಐದನೆಯ ಮಹಡಿ, ಹೊಸ ಲಿಫ್ಟು. ಬಾಗಿಲು ಮುಚ್ಚಿಕೊಳ್ಳದಂತೆ ಲಿಫ್ಟಿನ ಹೊಸ್ತಿಲ ಮೇಲೆ ಒಂದು ಸ್ಟೀಲ್ ಸ್ಟೂಲು. ಅದರ ಮೇಲೆ ಅತ್ತೆ, ಅರ್ಧ ಒಳಗೆ, ಅರ್ಧ ಹೊರಗೆ, ಮಂಡಿನೋವಿನ ಎರಡೂ ಕಾಲುಗಳನ್ನು ಹೊರಗೆ ಚಾಚಿಕೊಂಡು. ಅವರ ಹಿಂದೆ ಲಿಫ್ಟಿನ ತುಂಬ ಎದುರುಮನೆ ರಾಕೇಶ್‌ಭಾಯಿಯ ಸಾಮಾನು: ಕಬ್ಬಿಣದ ಕಪಾಟು, ಬಿಚ್ಚಿದ ಮಂಚ, ಹಾಸಿಗೆಯ ಸುರುಳಿ. ರಾಕೇಶ್‌ಭಾಯಿ ಮನೆ ಬದಲಾಯಿಸುತ್ತಿದ್ದರು. ಫೋಟೊ ತೆಗೆದವಳು ಕೃಪಾಳ ಎಂಟು ವರ್ಷದ ಮಗಳು ರಚನಾ, ಅಜ್ಜಿಯ ಫೋನಿನಲ್ಲಿ. ಕೆಳಗೆ ಬರೆದಿದ್ದಳು: 'ಅಜ್ಜಿ ಇವತ್ತು ವಾಚ್‌ಮನ್.'

ಆ ಲಿಫ್ಟಿನ ಸಾಫ್ಟ್‌ವೇರನ್ನು ಪರೀಕ್ಷೆ ಮಾಡಿದವಳು ಕೃಪಾ. ಅದನ್ನು ಆ ಕಟ್ಟಡಕ್ಕೆ ತರಿಸಿದವಳೂ ಅವಳೇ.

ಅವಳ ಕಂಪನಿಯಲ್ಲಿ ವಿನ್ಯಾಸ ಪೋಲೆಂಡಿನಲ್ಲಿ ಆಗುತ್ತಿತ್ತು, ಮುಖ್ಯ ಕಚೇರಿ ಅಹಮದಾಬಾದಿನಲ್ಲಿತ್ತು, ಪರೀಕ್ಷೆ ನಡೆಯುತ್ತಿದ್ದದ್ದು ವಡೋದರಾದ ಗೋರ್ವಾದಲ್ಲಿ, ಒಂದು ತಗಡಿನ ಶೆಡ್ಡಿನೊಳಗೆ. ಮೊದಲ ಲಿಫ್ಟನ್ನು ಯಾವುದಾದರೂ ಹಳೆಯ ಕಟ್ಟಡದಲ್ಲಿ ಹಾಕಿ ನೋಡಬೇಕಿತ್ತು. ಅತ್ತೆಯ ಮಂಡಿ ನೆನಪಾಗಿ ಕೃಪಾ ಅಡಾಜಣ್‌ನ ವಿಳಾಸ ಕೊಟ್ಟಿದ್ದಳು. ಗಂಡ ನಿತಿನ್ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ಅಜ್ಜ ಅಜ್ಜಿಯ ಹತ್ತಿರ ಸೂರತ್ತಿನಲ್ಲಿ, ಇವಳು ವಡೋದರಾದ ಫತೇಗಂಜ್‌ನ ಬಾಡಿಗೆ ಕೋಣೆಯಲ್ಲಿ. ಆಮೇಲೆ ಅವಳು ಯಾವುದಕ್ಕೂ ಹೆದರಿದ್ದಿಲ್ಲ. ಹೆದರುವಂಥದ್ದು ಏನೂ ಉಳಿದಿಲ್ಲ ಎಂದುಕೊಂಡಿದ್ದಳು.

ಮೊದಲೆಲ್ಲ ಪರೀಕ್ಷೆಗೆ ಮುನ್ನೂರು ಸಾಲಿನ ಇಂಗ್ಲಿಷ್ ಪಟ್ಟಿ ಇರುತ್ತಿತ್ತು. ಪೋಲೆಂಡಿನವರು ಅದನ್ನು ಒಂದು ಥರ ಓದುತ್ತಿದ್ದರು, ವಡೋದರಾದವರು ಇನ್ನೊಂದು ಥರ. ಅಹಮದಾಬಾದಿನವರು ಓದುತ್ತಲೇ ಇರಲಿಲ್ಲ. ಕಳೆದ ವರ್ಷದಿಂದ ಪಟ್ಟಿ ಹೋಗಿ ಚಿತ್ರ ಬಂದಿತ್ತು. ಲಿಫ್ಟು ಇರಬಹುದಾದ ಒಂದೊಂದು ಸ್ಥಿತಿಗೂ ಒಂದೊಂದು ವೃತ್ತ, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವ ದಾರಿಗೆ ಬಾಣ. ಕಂಪ್ಯೂಟರ್ ಆ ಬಾಣಗಳ ಮೇಲೆ ನಡೆದುಕೊಂಡು ಹೋಗಿ ತಾನೇ ಪರೀಕ್ಷೆಗಳನ್ನು ಹುಟ್ಟಿಸುತ್ತಿತ್ತು. ಪಾಸಾದ ಬಾಣ ಹಸಿರಾಗುತ್ತಿತ್ತು. ಮೂರು ಊರಿನವರೂ ಒಂದೇ ಚಿತ್ರ ನೋಡುತ್ತಿದ್ದರು. ಜಗಳ ಕಡಿಮೆಯಾಗಿತ್ತು. ಹೋದ ಶುಕ್ರವಾರ ಇಡೀ ಚಿತ್ರ ಹಸಿರಾಗಿ, ಕೃಪಾ ಸಹಿ ಹಾಕಿದ್ದಳು.

ಆದರೆ ಚಿತ್ರದಲ್ಲಿ ಇಲ್ಲದ ಬಾಣಕ್ಕೆ ಯಾವ ಬಣ್ಣವೂ ಇರುವುದಿಲ್ಲ.

ಮೂರು ವಾರದ ಹಿಂದೆ ಪೋಲೆಂಡಿನ ಮಾರ್ತಾ ಕೇಳಿದ್ದಳು: 'ಗುಂಡಿ ಒತ್ತಿ ಬಾಗಿಲು ಹಿಡಿಯುವುದು, ವಸ್ತು ಅಡ್ಡ ಇಟ್ಟು ಹಿಡಿಯುವುದು, ಎರಡರಲ್ಲೂ ಬಾಗಿಲು ತೆರೆದೇ ಇರುತ್ತದೆ. ಎರಡು ವೃತ್ತ ಯಾಕೆ? ಒಂದು ಮಾಡಿದರೆ ಚಿತ್ರ ಒಂದೇ ಪರದೆಯಲ್ಲಿ ಹಿಡಿಸುತ್ತದೆ.' ಹೌದಲ್ಲ ಎಂದು ಕೃಪಾ ಎರಡನ್ನೂ ಸೇರಿಸಿದ್ದಳು. ಅಂದಿನಿಂದ ಕಂಪ್ಯೂಟರ್ ಪ್ರತಿ ಸಲವೂ ಗುಂಡಿಯನ್ನೇ ಒತ್ತಿ ನೋಡಿತ್ತು. ಸ್ಟೂಲು ಇಟ್ಟು ನೋಡಿರಲಿಲ್ಲ. ಮಾರ್ತಾಳ ಊರಿನಲ್ಲಿ ಲಿಫ್ಟಿಗೆ ಸ್ಟೂಲು ಇಡುವವರು ಇರಲಿಕ್ಕಿಲ್ಲ. ಇಲ್ಲಿ ಗುಂಡಿಯನ್ನು ನಂಬುವವರಿಲ್ಲ. ಅದು ಕೃಪಾಳಿಗೆ ಗೊತ್ತಿತ್ತು, ಅವಳ ಮನೆಯಲ್ಲೇ ಆ ಸ್ಟೂಲು ಇತ್ತು.

"ಮಂಥನ್, ಒಂದು ಸ್ಟೂಲು ತಗೊಂಡು ಬಾ."

"ಕೂರೋದಕ್ಕಾ, ಕೃಪಾಬೆನ್?" ಜೊತೆಯಲ್ಲಿ ಪರೀಕ್ಷೆ ಮಾಡುವ ಮಂಥನ್ ಕೇಳಿದ.

"ಬಾಗಿಲಿಗೆ."

"ನಮ್ಮ ಬಿಲ್ಡಿಂಗ್‌ನಲ್ಲಿ ಚಪ್ಪಲಿ ಇಡ್ತೀವಿ. ನೀವು ದೊಡ್ಡ ಮನೆತನ," ಎಂದು ನಗುತ್ತ ತಂದ. ಅವಳ ಮುಖ ನೋಡಿ ನಗು ನಿಲ್ಲಿಸಿದ.

ಶೆಡ್ಡಿನ ಮೂಲೆಯಲ್ಲಿ ಎದೆಯೆತ್ತರದ ಒಂದು ಪರೀಕ್ಷಾ ಲಿಫ್ಟು ಇತ್ತು. ನಾಲ್ಕು ಅಡಿ ಮೇಲೆ ಕೆಳಗೆ ಓಡಾಡುತ್ತಿತ್ತು, ಒಳಗಿನ ಮೆದುಳು ಮಾತ್ರ ಅಡಾಜಣ್‌ನದ್ದೇ. ಹೊಸ್ತಿಲಲ್ಲಿ ಸ್ಟೂಲು ಇಟ್ಟರು. ಒಳಗೆ ಮರಳಿನ ಚೀಲ ಹೇರಿದರು. ಭಾರಕ್ಕೆ ಲಿಫ್ಟು ಎರಡು ಬೆರಳು ಕುಸಿಯಿತು. ಮಟ್ಟ ಸರಿಮಾಡಿಕೊಳ್ಳಲು ಬಾಗಿಲು ತೆರೆದಂತೆಯೇ ಮೇಲೇರತೊಡಗಿತು. ಅದು ತಪ್ಪಲ್ಲ, ಆ ಎರಡು ಬೆರಳಿನ ಮಟ್ಟಿಗೆ ಬಾಗಿಲಿನ ಲೆಕ್ಕ ಬಿಡು ಎಂದು ಅದಕ್ಕೆ ಹೇಳಿಕೊಟ್ಟಿದ್ದರು.

"ಈಗ ಪ್ಲಗ್ ಕೀಳು."

ಕರೆಂಟು ಹೋಯಿತು. ಎರಡು ಸೆಕೆಂಡು ಏನೂ ಇಲ್ಲ. ಆಮೇಲೆ ಬ್ಯಾಟರಿ 'ಪೀ' ಎಂದಿತು. ಕರೆಂಟು ಹೋದಾಗ ಜನ ಮಧ್ಯೆ ಸಿಕ್ಕಿಬೀಳದಂತೆ ಲಿಫ್ಟನ್ನು ಹತ್ತಿರದ ಮಹಡಿಗೆ ಮುಟ್ಟಿಸುವ ಬ್ಯಾಟರಿ ಅದು. ಬಾಗಿಲಿನ ಲೆಕ್ಕ ಬಿಡು ಎಂಬ ಮಾತು ಅದಕ್ಕೆ ಇನ್ನೂ ನೆನಪಿತ್ತು. ಗುಂಡಿಯಾಗಿದ್ದರೆ ಕರೆಂಟು ಹೋದ ಕೂಡಲೇ ಬಾಗಿಲು ಮುಚ್ಚಿಕೊಳ್ಳುತ್ತಿತ್ತು, ಸ್ಟೂಲು ಅದನ್ನು ಮುಚ್ಚಲು ಬಿಡಲಿಲ್ಲ. ಬಾಗಿಲು ತೆರೆದುಕೊಂಡೇ ಲಿಫ್ಟು ಭಾರದ ಕಡೆಗೆ, ಕೆಳಗೆ, ಇಳಿಯಿತು. ಸ್ಟೂಲಿನ ಒಳಗಾಲುಗಳು ಜಾರಿದವು. ಲಿಫ್ಟಿನ ಮೇಲಿನ ಚೌಕಟ್ಟು ಇಳಿದು ಬಂದು ಅದನ್ನು ಹೊಸ್ತಿಲಿಗೆ ಒತ್ತಿ ಮಡಚಿತು. ಅವಸರವೇ ಇಲ್ಲದೆ.

ಮಂಥನ್ ಬಗ್ಗಿ ಮಡಚಿದ ಸ್ಟೂಲನ್ನು ಎಳೆದು ನೋಡಿದ, ಬರಲಿಲ್ಲ.

ಕೃಪಾಳಿಗೆ ನಿನ್ನೆ ರಾತ್ರಿ ಮನೆಯವರ ವಾಟ್ಸಾಪಿನಲ್ಲಿ ಮಾವ ವಿಠ್ಠಲ ಹಾಕಿದ ಸಂದೇಶ ನೆನಪಾಯಿತು. ಅವರದು ಸೂರತ್ತಿನಲ್ಲೇ ಒಂದು ಉಡುಪಿ ಹೋಟೆಲು. 'ನಾಳೆ ರಿಪೇರಿಗೆ ಕರೆಂಟು ಇಲ್ಲ, ಹನ್ನೊಂದರಿಂದ ಮೂರು. ಹಿಟ್ಟು ಬೇಗ ರುಬ್ಬಬೇಕು.'

ಗಂಟೆ ಹತ್ತೂ ಮೂವತ್ತೈದು.

ಅತ್ತೆಯ ಫೋನಿಗೆ ಮಾಡಿದಳು. ಎರಡು ಸಲ ರಿಂಗಾಗಿ ಕಟ್ಟಾಯಿತು. ಮತ್ತೆ ಮಾಡಿದಳು. ಕಟ್ಟಾಯಿತು. ರಚನಾ ಗೇಮ್ ಆಡುವಾಗ ಬಂದ ಕಾಲನ್ನು ಬೆರಳಲ್ಲಿ ತಳ್ಳಿಬಿಡುತ್ತಾಳೆ. ಮಾವನ ಫೋನು ರಿಂಗಾಗುತ್ತಲೇ ಇತ್ತು, ತಿಂಡಿಯ ಹೊತ್ತಿನಲ್ಲಿ ಅವರಿಗೆ ಕೇಳಿಸುವುದಿಲ್ಲ. ರಾಕೇಶ್‌ಭಾಯಿಯ ನಂಬರು ಅವಳ ಹತ್ತಿರ ಇರಲಿಲ್ಲ. ಎರಡು ವರ್ಷ ಆ ಮನೆಗೆ ಹೋಗಿ ಬಂದು, ಯಾರ ನಂಬರನ್ನೂ ಅವಳು ಕೇಳಿರಲಿಲ್ಲ.

ಅಹಮದಾಬಾದಿಗೆ ಮಾಡಿದಳು. ಅಲ್ಲಿನ ಮುಖ್ಯಸ್ಥ ಹೃಷಿಕೇಶ ಧಾರವಾಡದವನು. ತಂದೆಯ ರೈಲ್ವೆ ನೌಕರಿಯಿಂದಾಗಿ ಗುಜರಾತಿನಲ್ಲೇ ಬೆಳೆದರೂ ಊರಿನ ಮಾತು ಬಿಟ್ಟಿರಲಿಲ್ಲ.

"ಸರ್, ಅಡಾಜಣ್ ಲಿಫ್ಟನ್ನು ಅಲ್ಲಿಂದಲೇ ನಿಲ್ಲಿಸಿ. ಈಗಲೇ."

"ಯಾಕ್ರೀ? ಚಿತ್ರ ಪೂರಾ ಹಸರ ಐತಲ್ಲ. ನೀವ ಸಹಿ ಮಾಡೀರಿ."

ಸ್ಟೂಲು, ಭಾರ, ಮಟ್ಟ, ಬ್ಯಾಟರಿ ಎಂದು ಅವಳು ಹೇಳಿದಳು. ಮಾತುಗಳು ಒಂದರ ಮೇಲೊಂದು ಬಿದ್ದವು.

"ತಡೀರಿ, ತಡೀರಿ. ತಲಿಗೆ ಹತ್ತವಲ್ದು. ನಾ ಒಬ್ಬಾಂವ ನಿಲ್ಲಿಸೂ ಗುಂಡಿ ಒತ್ತಿದ್ರ ಆಗೂದಿಲ್ರೀ, ಪೋಲೆಂಡಿನಾಕಿನೂ ಒತ್ತಬೇಕು. ಆಕಿಗೆ ಏನಂತ ಹೇಳ್ಲಿ? ನಮ್ಮಾಕಿ ಅತ್ತಿ ಸ್ಟೂಲ್ ಮ್ಯಾಲೆ ಕುಂತಾಳ ಅಂತ ಹೇಳ್ಲೇನು?"

ಅವಳು ಫೋನಿಟ್ಟಳು. ಕಾಗದ ತೆಗೆದುಕೊಂಡಳು. ಮೂರು ವಾರದ ಹಿಂದೆ ಅಳಿಸಿದ ಎರಡನೆಯ ವೃತ್ತವನ್ನು ಬರೆದಳು. ಅವಸರಕ್ಕೆ ವೃತ್ತ ಮೊಟ್ಟೆಯಂತಾಯಿತು. ಅದರೊಳಗೆ ಸ್ಟೂಲು. ಅಲ್ಲಿಂದ ಕೆಂಪು ಬಾಣ: ಭಾರ. ಇನ್ನೊಂದು ಕೆಂಪು ಬಾಣ: ಕರೆಂಟು ಇಲ್ಲ. ಕೊನೆಯ ವೃತ್ತದಲ್ಲಿ ತೆರೆದ ಬಾಗಿಲು, ಕೆಳಗಿಳಿಯುವ ಲಿಫ್ಟು, ಹೊಸ್ತಿಲ ಮೇಲೆ ಎರಡು ಕಾಲು. ಕಾಗದದ ಫೋಟೊ ತೆಗೆದು, ಜೊತೆಗೆ ರಚನಾ ಕಳಿಸಿದ ಫೋಟೊವನ್ನೂ ಸೇರಿಸಿ, ಹೃಷಿಕೇಶ ಮತ್ತು ಮಾರ್ತಾ ಇಬ್ಬರಿಗೂ ಕಳಿಸಿದಳು.

ಅಹಮದಾಬಾದಿನಿಂದ ಒಂದು ನಿಮಿಷದಲ್ಲಿ ಉತ್ತರ ಬಂತು: 'ತಿಳೀತು. ನಾ ಒತ್ತೀನಿ. ಆಕಿ ಎತ್ತವಲ್ಲಳು.' ಪೋಲೆಂಡಿನಲ್ಲಿ ಆಗ ಬೆಳಗಿನ ಏಳು ಗಂಟೆ.

ಹತ್ತೂ ನಲವತ್ತೆಂಟಕ್ಕೆ, ಹದಿನೇಳನೆಯ ಸಲಕ್ಕೆ, ಸೂರತ್ತಿನಲ್ಲಿ ಫೋನು ಎತ್ತಿದರು.

"ಮಮ್ಮಿ! ಗೇಮ್ ಚಾಲೂ ಉಂಟು ನಾ. ಆಮೇಲೆ ಮಾಡು."

"ಕಟ್ ಮಾಡ್ಬೇಡ ರಚನಾ. ಅಜ್ಜಿ ಎಲ್ಲಿ?"

"ಸ್ಟೂಲ್ ಮೇಲೆ."

"ನೀನೆಲ್ಲಿ?"

"ಲಿಫ್ಟ್ ಒಳಗೆ. ಹಾಸಿಗೆ ಉಂಟಲ್ಲ, ಅದರ ಮೇಲೆ. ಮಸ್ತ್ ಉಂಟು."

ಕೃಪಾ ಮೇಜಿನ ಅಂಚು ಹಿಡಿದುಕೊಂಡಳು. ದನಿ ಎತ್ತಿದರೆ ಮಗು ಅಲ್ಲೇ ಹೆದರಿ ಕೂತುಬಿಡುತ್ತದೆ. "ರಚನಾ, ಅಜ್ಜಿಯನ್ನು ದಾಟಿ ಹೊರಗೆ ಬಾ. ಓಡಬೇಡ. ಬಂದು ಗೋಡೆಗೆ ಒರಗಿ ನಿಲ್ಲು."

"ಕೇಮ್?"

"ಯಾಕೆ ಅಂತ ಆಮೇಲೆ ಹೇಳ್ತೇನೆ. ಬಂದ್ಯಾ?"

ಬಟ್ಟೆ ಸರಿದ ಸದ್ದು. ಅತ್ತೆಯ ದನಿ: "ಮೆಲ್ಲ ಮಾರಾಯ್ತಿ, ನನ್ನ ಕಾಲು!"

"ಬಂದೆ," ಎಂದಳು ರಚನಾ.

"ಫೋನ್ ಸ್ಪೀಕರ್‌ಗೆ ಹಾಕು. ಅಲ್ಲಿಂದ ಅಲ್ಲಾಡಬೇಡ. ಅತ್ತೆ, ಸ್ಟೂಲಿನಿಂದ ಏಳಿ."

"ಎಂತ ಕೃಪಾ, ಆಫೀಸಿಲ್ವಾ? ಈಗಷ್ಟೇ ಸರಿಯಾಗಿ ಕೂತದ್ದು. ರಾಕೇಶ್‌ಭಾಯಿ ಫ್ರಿಜ್ ತರ್ಲಿಕ್ಕೆ ಒಳಗೆ ಹೋಗಿದ್ದಾರೆ. ನಾನೆದ್ರೆ ಬಾಗಿಲು ಹಾಕ್ಕೊಂಡು ಹೋಗ್ತದೆ. ನಿನ್ನ ಗುಂಡಿ ನಂಬಿದ್ರೆ ಆಯ್ತು!"

"ಅತ್ತೆ, ಆ ಲಿಫ್ಟು ಸರಿ ಇಲ್ಲ."

"ನೀನೇ ಹಾಕ್ಸಿದ್ದಲ್ವಾ? ಊರಿಡೀ ಹೇಳಿದ್ದೇನೆ ನಮ್ಮ ಸೊಸೆಯ ಲಿಫ್ಟು ಅಂತ. ಈಗ ಸರಿ ಇಲ್ಲ ಅಂದ್ರೆ ಮಾನ ಹೋಗ್ತದೆ." ಅವರು ನಕ್ಕರು.

"ಏಳ್ತೀರಾ ಇಲ್ವಾ!"

ತಗಡಿನ ಶೆಡ್ಡು ಆ ಕೂಗನ್ನು ತಿರುಗಿಸಿ ಅವಳಿಗೇ ಕೊಟ್ಟಿತು. ಮಂಥನ್ ಎರಡು ಹೆಜ್ಜೆ ಹಿಂದೆ ಸರಿದ. ಫೋನಿನ ಆ ಕಡೆ ನಗು ನಿಂತಿತ್ತು.

"ಏಳ್ತೇನೆ... ಎದ್ದೆ ಮಾರಾಯ್ತಿ. ರಚನಾ, ಕೈ ಕೊಡು ಮಗಾ. ಅಯ್ಯೋ, ಮಂಡಿ."

ಒಂದು ನರಳಿಕೆ. ಚಪ್ಪಲಿ ಎಳೆದ ಸದ್ದು, ಒಂದು, ಇನ್ನೊಂದು. ಅಷ್ಟರಲ್ಲಿ ಅಲ್ಲಿಯವರೆಗೆ ಹಿಂದೆ ಕೇಳುತ್ತಿದ್ದ ಫ್ಯಾನಿನ ಗುಂಯ್ಯ್ ನಿಂತಿತು.

"ಲೈಟ್ ಗಈ!" ಎಂದು ದೂರದಲ್ಲಿ ಯಾರೋ ಕೂಗಿದರು. ಕರೆಂಟು ಹೋಗಿತ್ತು. ಕೃಪಾ ಗಡಿಯಾರ ನೋಡಿದಳು. ಹತ್ತೂ ಐವತ್ತೊಂದು. ಹೇಳಿದ ಹೊತ್ತಿಗೆ ಒಂಬತ್ತು ನಿಮಿಷ ಬಾಕಿಯಿತ್ತು.

ಒಂದು. ಎರಡು.

ಪೀ.

ಆಮೇಲೆ ಸ್ಟೀಲು ಮಡಚಿಕೊಳ್ಳುವ ಸದ್ದು. ಅದು ಗೋರ್ವಾದ ಸದ್ದಿನಂತೆಯೇ ಇತ್ತು, ಅದಕ್ಕಿಂತ ಉದ್ದವಾಗಿತ್ತು.

"ರಚನಾ?"

"ಮಮ್ಮಿ, ಸ್ಟೂಲ್..." ಮಗು ಅಳತೊಡಗಿತು.

"ಅಜ್ಜಿ?"

"ಇದ್ದೇನೆ," ಎಂದರು ಅತ್ತೆ. ಆ ದನಿ ಅವರದ್ದಲ್ಲ ಅನ್ನಿಸುವಷ್ಟು ಸಣ್ಣಗಿತ್ತು. "ಗೋಡೆ ಹತ್ರ ಇದ್ದೇವೆ."

ಮೂರು ನಿಮಿಷದ ಮೇಲೆ ಮಾರ್ತಾ ಟ್ರ್ಯಾಮಿನಲ್ಲಿ ನಿಂತು ಚಿತ್ರ ನೋಡಿದಳು. ಏನೂ ಕೇಳದೆ ಒತ್ತಿದಳು. ಲಿಫ್ಟು ನಿಂತಲ್ಲೇ ಸತ್ತಿತು.

ಮಧ್ಯಾಹ್ನ ಮೂರೂ ಊರಿನವರು ಪರದೆಯ ಮೇಲೆ ಸೇರಿದರು. ವೃತ್ತಗಳನ್ನು ಒಂದು ಮಾಡಿದವರು ಯಾರು ಎಂದು ಹೃಷಿಕೇಶ ಕೇಳಿದ. ನಾನೇ ಎಂದಳು ಕೃಪಾ. ಹೇಳಿದವಳು ನಾನು ಎಂದಳು ಮಾರ್ತಾ. ಎರಡು ವೃತ್ತಗಳನ್ನು ಮತ್ತೆ ಬೇರೆ ಮಾಡಿದ ಕೂಡಲೇ ಹನ್ನೊಂದು ಹೊಸ ಬಾಣಗಳು ಹುಟ್ಟಿದವು, ಬಣ್ಣವಿಲ್ಲದೆ. ಮಾರ್ತಾ ಅವನ್ನು ಒಂದೊಂದಾಗಿ ಎಣಿಸಿದಳು. ಹೊಸ ವೃತ್ತಕ್ಕೆ ಏನು ಹೆಸರು ಎಂದು ಕೇಳಿದಳು. 'ಸ್ಟೂಲು' ಎಂದು ಬರೆಯಲು ಕೃಪಾ ಹೇಳಿದಳು. ಪೋಲೆಂಡಿನಲ್ಲಿ ಅದನ್ನು ಹಾಗೆಯೇ ಬರೆದರು.

ಸಂಜೆಯ ರೈಲಿಗೆ ಸೂರತ್ತು. ಐದು ಮಹಡಿ ಮೆಟ್ಟಿಲು ಹತ್ತಿದಳು. ಲಿಫ್ಟಿನ ಬಾಗಿಲಿಗೆ ಹಗ್ಗ ಕಟ್ಟಿ, ರಾಕೇಶ್‌ಭಾಯಿಯ ಫ್ರಿಜ್ಜನ್ನೇ ಅಡ್ಡ ನಿಲ್ಲಿಸಿದ್ದರು. ಅತ್ತೆ ಅನ್ನ ಬಡಿಸಿದರು. ರಚನಾ ಅಮ್ಮನ ಸೆರಗು ಬಿಡಲಿಲ್ಲ.

"ಅತ್ತೆ, ತಪ್ಪು ನನ್ನದೇ. ಎರಡು ವೃತ್ತ ಇದ್ದದ್ದನ್ನು ನಾನು ಒಂದು ಮಾಡಿದ್ದೆ."

ಅತ್ತೆಗೆ ವೃತ್ತ ಅರ್ಥವಾಗಲಿಲ್ಲ. ಸಾರು ಹಾಕಿದರು. "ಇಂಥ ಲಿಫ್ಟು ಇನ್ನೆಷ್ಟು ಕಡೆ ಹಾಕಿದ್ದೀರಿ?"

"ಇದೊಂದೇ."

"ಹೌದಾ?"

"ಹೌದು ಅತ್ತೆ. ಸೋಮವಾರ ಇನ್ನೂ ನಲವತ್ತು ಹೋಗಬೇಕಿತ್ತು."

ಅತ್ತೆಯ ಕೈಯ ಸೌಟು ನಿಂತಿತು. ಬಾಗಿಲಾಚೆ, ಕತ್ತಲ ಕಾರಿಡಾರಿನ ಕಡೆ ಒಮ್ಮೆ ನೋಡಿದರು.

"ಊಟ ಮಾಡು," ಎಂದರು. "ಬೆಳಿಗ್ಗೆ ನೀನು ಕೂಗಿದ್ದು ಕೆಳಗಿನ ಮನೆಯವರಿಗೂ ಕೇಳಿಸಿತಂತೆ."

ಕೃಪಾ ತುತ್ತು ಎತ್ತಿದಳು. ಅನ್ನ ತಟ್ಟೆಗೇ ಉದುರಿತು. ಇನ್ನೊಮ್ಮೆ ಎತ್ತಿದಳು.